ಆಂಪ್ ಇಲ್ಲದ ವೇದಿಕೆಯಲ್ಲಿ ಬೇಸ್ ಗಿಟಾರ್: ಲೈನ್ ಕೊಡುವುದು, ತನ್ನದು ತನಗೆ ಕೇಳಿಸಿಕೊಳ್ಳುವುದು

ಗಣೇಶೋತ್ಸವದ ಪೆಂಡಾಲ್, ಊರ ಜಾತ್ರೆ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವ. ನಮ್ಮ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಬೇಸ್ ಗಿಟಾರ್‌ಗೆಂದೇ ಆಂಪ್ (ಸ್ಪೀಕರ್ ಸಹಿತ ಆಂಪ್ಲಿಫೈಯರ್) ಸಿಗುವುದು ಅಪರೂಪ. ಸೌಂಡ್ ಸಿಸ್ಟಂನವರು ಒಂದು ಕೇಬಲ್ ಕೈಗೆ ಕೊಟ್ಟು "ಲೈನಲ್ಲಿ ಕೊಡಿ ಸಾರ್" ಅನ್ನುತ್ತಾರೆ, ಅಷ್ಟೇ. ಅಂದರೆ ಬೇಸನ್ನು ನೇರ ಮಿಕ್ಸರ್‌ಗೇ ಸೇರಿಸಿ ಎಂದು. ಅದನ್ನು ಕೊರತೆ ಎಂದುಕೊಳ್ಳಬೇಕಿಲ್ಲ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಕೂಡ ಹೆಚ್ಚಾಗಿ ಆಂಪ್ ಹಾಯದೆ ನೇರ ಕನ್ಸೋಲ್‌ಗೇ (ಸ್ಟುಡಿಯೋದ ಮಿಕ್ಸರ್‌ಗೇ) ಹೋಗುತ್ತಿತ್ತು. ಲೈನ್‌ನಲ್ಲಿ ಒಳ್ಳೆಯ ನಾದ ಖಂಡಿತ ಬರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಆಂಪ್ ಎದುರಿನ ಜನರಿಗೆ ಬೇಸ್ ಕೇಳಿಸುವುದರ ಜೊತೆಗೆ ನುಡಿಸುವವರ ಬೆನ್ನಿಗೆ ನಿಂತು ಅವರಿಗೂ ಕೇಳಿಸುತ್ತದೆ. ಅದನ್ನು ತೆಗೆದಾಗ ಮೊದಲ ಕೆಲಸವನ್ನು ಪಿಎ (ಜನರ ಕಡೆಗಿರುವ ಸೌಂಡ್ ಸಿಸ್ಟಂ) ವಹಿಸಿಕೊಳ್ಳುತ್ತದೆ, ಎರಡನೆಯದನ್ನು ಯಾರೂ ವಹಿಸಿಕೊಳ್ಳುವುದಿಲ್ಲ. ಅದನ್ನು ನುಡಿಸುವವರೇ ಹೊತ್ತುಕೊಳ್ಳಬೇಕು. ಆದ್ದರಿಂದ ಇಲ್ಲಿ ಹೆಚ್ಚು ಜಾಗ ಅದಕ್ಕೇ.

ಡಿಐ ಬಾಕ್ಸ್ ಏಕೆ ಬೇಕು

ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್‌ನ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಎಂದರೆ ಸಾವಿರಾರು ಸುತ್ತು ತಂತಿ. ಅದರಿಂದ ಹೊರಡುವ ಸಿಗ್ನಲ್ ಭಾರ ತಡೆಯುವುದಿಲ್ಲ. ಅದನ್ನು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಅಲ್ಲಿರುವ ಸುಮಾರು 10 ಕಿಲೋ ಓಮ್ ತಡೆ ಪಿಕಪ್ಪನ್ನು ಹಿಂಡಿಬಿಡುತ್ತದೆ. ಮೇಲಿನ ಹೊಳಪು ಹೋಗಿ, ಕಂಬಳಿ ಹೊದಿಸಿದ ಹಾಗೆ ಮಂಕಾದ ನಾದ ಬರುತ್ತದೆ. ಪಿಕಪ್‌ಗೆ ಬೇಕಾದದ್ದು 1 ಮೆಗಾ ಓಮ್ ಆಸುಪಾಸಿನ ಇನ್‌ಪುಟ್. ಡಿಐ (ಡೈರೆಕ್ಟ್ ಇಂಜೆಕ್ಷನ್) ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಆ ಹೊಂದಾಣಿಕೆ ಮಾಡಿ, ಸಿಗ್ನಲನ್ನು ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್‌ಗೆ (ಮೈಕ್ ಕೇಬಲ್‌ನ ಮೂರು ಪಿನ್ ಜೋಡಣೆಗೆ) ಬದಲಿಸಿ, 30 ಮೀಟರ್ ದೂರದ ಮಿಕ್ಸರ್‌ಗೂ ಸದ್ದಿಲ್ಲದೆ ಕಳಿಸುತ್ತದೆ.

ಪ್ಯಾಸಿವ್ ಬೇಸ್‌ಗೆ ಆಕ್ಟಿವ್ ಡಿಐ, ಆಕ್ಟಿವ್ ಬೇಸ್‌ಗೆ ಪ್ಯಾಸಿವ್ ಡಿಐ. ಇಷ್ಟು ನೆನಪಿಟ್ಟರೆ ಸಾಕು. ಬೇಸ್‌ನ ಹಿಂದೆ 9 ವೋಲ್ಟ್ ಬ್ಯಾಟರಿ ಕೂರುವ ಗೂಡಿದ್ದರೆ ಅದು ಆಕ್ಟಿವ್. ಪ್ಯಾಸಿವ್ ಡಿಐಗೆ ಕರೆಂಟ್ ಬೇಡ, ಒಳಗಿರುವುದು ಒಂದು ಟ್ರಾನ್ಸ್‌ಫಾರ್ಮರ್ ಮಾತ್ರ. ಆದರೆ ಅಗ್ಗದ ಟ್ರಾನ್ಸ್‌ಫಾರ್ಮರ್ ಕೆಳಗಿನ ಸ್ವರಗಳಲ್ಲಿ ತಿಣುಕುತ್ತದೆ. ದುಡ್ಡು ಎಲ್ಲಾದರೂ ಹಾಕುವುದಿದ್ದರೆ ಇಲ್ಲಿ ಹಾಕಿ. ಆಕ್ಟಿವ್ ಡಿಐಗೆ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಹರಿದುಬರುವ ಕರೆಂಟ್) ಬರಬೇಕು, ಇಲ್ಲವೇ ಒಳಗೆ ಬ್ಯಾಟರಿ ಇರಬೇಕು. ಬ್ಯಾಟರಿ ಹಾಕಿಯೇ ಇಟ್ಟಿರಿ. ಚಿಕ್ಕ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ ಸ್ವಿಚ್ ಎಲ್ಲ ಚಾನೆಲ್‌ಗಳಿಗೂ ಒಂದೇ ಇರುತ್ತದೆ, ಅದನ್ನು ಕಾರ್ಯಕ್ರಮದ ನಡುವೆ ಒತ್ತಿದರೆ ಸ್ಪೀಕರ್‌ನಲ್ಲಿ ಢಂ ಎನ್ನುತ್ತದೆ.

ಬೇಸ್‌ಗೆಂದೇ ಮಾಡಿದ, ನಾದ ತಿದ್ದುವ ಪ್ರೀಆಂಪ್ ಪೆಡಲ್‌ಗಳಲ್ಲಿ ಎಕ್ಸ್‌ಎಲ್‌ಆರ್ ಔಟ್ ಇದ್ದರೆ ಬೇರೆ ಡಿಐ ಬೇಡ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಈ ಬಗೆಯದು. ಒಂದು ಎಚ್ಚರಿಕೆ ಮಾತ್ರ: ಇಂಥ ಕೆಲವು ಪೆಡಲ್‌ಗಳು 48 ವೋಲ್ಟನ್ನು ತಾಳುವುದಿಲ್ಲ. ಕೈಪಿಡಿ ನೋಡಿ, ತಾಳುವುದಿಲ್ಲ ಎಂದಿದ್ದರೆ ನಿಮ್ಮ ಚಾನೆಲ್‌ಗೆ ಫ್ಯಾಂಟಮ್ ಬೇಡ ಎಂದು ಮೊದಲೇ ಹೇಳಿ, ಅಥವಾ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಇಡಿ.

ಸಿಗ್ನಲ್ ಪೆಡಲ್‌ನಿಂದ ಅಥವಾ ಜೋರಾದ ಆಕ್ಟಿವ್ ಬೇಸ್‌ನಿಂದ ಬರುತ್ತಿದ್ದು ಮಿಕ್ಸರ್‌ನಲ್ಲಿ ಗೇನ್ (ಒಳಬರುವ ಸಿಗ್ನಲ್‌ನ ಮಟ್ಟ) ಪೂರ್ತಿ ಇಳಿಸಿದರೂ ಕೆಂಪು ದೀಪ ಹತ್ತುತ್ತಿದೆಯೇ? ಡಿಐ ಮೇಲಿನ 20 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಒತ್ತಿ. ಬೇಸ್‌ನಿಂದ ಡಿಐವರೆಗಿನ ಕೇಬಲ್ 3 ಮೀಟರ್, ಹೆಚ್ಚೆಂದರೆ 6 ಮೀಟರ್ ಇರಲಿ. ಪ್ಯಾಸಿವ್ ಬೇಸ್‌ನಲ್ಲಿ ಕೇಬಲ್ ಉದ್ದವಾದಷ್ಟೂ ಮೇಲಿನ ಹೊಳಪು ಸೋರುತ್ತದೆ.

ಗುಂಯ್ ಎನ್ನುವ ಹಮ್, ಅದರ ಹಿಂದಿನ ಅಪಾಯ

ನಮ್ಮ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ವೇದಿಕೆಯ ಅರ್ಥ್ ಒಂದು ಕಡೆ, ಮಿಕ್ಸರ್‌ನ ಅರ್ಥ್ ಇನ್ನೊಂದು ಕಡೆ ಆದಾಗ ಎರಡರ ನಡುವೆ ಹರಿಯುವ ಅಲ್ಪ ಕರೆಂಟೇ 50, 100 ಹರ್ಟ್ಸ್‌ನ ಗುಂಯ್ ಆಗಿ ಕೇಳುತ್ತದೆ. ಡಿಐ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುವುದು ಇದಕ್ಕೇ. ಒತ್ತಿ ನೋಡಿ, ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಕೆಲವು ಆಕ್ಟಿವ್ ಡಿಐಗಳಲ್ಲಿ ಲಿಫ್ಟ್ ಮಾಡಿದರೆ ಫ್ಯಾಂಟಮ್ ಕೂಡ ಕಡಿದುಹೋಗಿ ಸದ್ದೇ ನಿಲ್ಲುತ್ತದೆ. ಬ್ಯಾಟರಿ ಹಾಕಿಡಿ ಎಂದದ್ದಕ್ಕೆ ಇದು ಇನ್ನೊಂದು ಕಾರಣ.

ಹಮ್ ಹೋಗಿಸಲು ಪ್ಲಗ್‌ನ ದಪ್ಪ ಅರ್ಥ್ ಪಿನ್ನನ್ನು ಮುರಿಯುವುದು, ಟೇಪ್ ಸುತ್ತುವುದು, ಎರಡು ಪಿನ್ ಅಡಾಪ್ಟರ್ ಹಾಕುವುದು ಮಾತ್ರ ಯಾವತ್ತೂ ಬೇಡ. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಕೇಬಲ್‌ನ ಅರ್ಥ್‌ಗೆ ಸೇರಿರುತ್ತವೆ. ನಿಮ್ಮ ಕೈ ತಂತಿಯ ಮೇಲೆ, ತುಟಿ ಮೈಕ್‌ನ ಜಾಲರಿಯ ಹತ್ತಿರ. ಎರಡರ ನಡುವೆ ವೋಲ್ಟೇಜ್ ಇದ್ದರೆ ಅದು ಹಾಯುವುದು ನಿಮ್ಮ ಎದೆಯ ಮೂಲಕ. ಜನರೇಟರ್ ಮೇಲೆ ನಡೆಯುವ, ಮಳೆಗೆ ಹಲಗೆ ಒದ್ದೆಯಾದ ವೇದಿಕೆಯಲ್ಲಿ ಇದು ಕಲ್ಪನೆಯ ಅಪಾಯವಲ್ಲ.

ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಕಾರ್ಯಕ್ರಮದಲ್ಲಿ ಹೇಗೋ ಹಾಗೆ ಎಲ್ಲವನ್ನೂ ಜೋಡಿಸಿ, ಆನ್ ಮಾಡಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ನ ದೊಡ್ಡ ರೇಂಜ್‌ಗೆ ತಿರುಗಿಸಿ. ತಂತಿಯನ್ನೂ ಜಾಲರಿಯನ್ನೂ ಬರಿಗೈಯಲ್ಲಿ ಮುಟ್ಟದೆ ಒಂದು ಪ್ರೋಬನ್ನು ಬೇಸ್‌ನ ಬ್ರಿಡ್ಜ್‌ಗೂ ಇನ್ನೊಂದನ್ನು ಮೈಕ್ ಜಾಲರಿಗೂ ತಾಗಿಸಿ. ಒಂದೆರಡು ವೋಲ್ಟ್ ಒಳಗಿದ್ದರೆ ಸರಿ. 50, 100 ಎಂದು ತೋರಿಸಿದರೆ ಬೇಸ್ ಕೆಳಗಿಡಿ. ಪೆಡಲ್‌ನ ಅಡಾಪ್ಟರ್ ತೆಗೆದು ಮತ್ತೆ ಅಳೆಯಿರಿ, ಅಂಕಿ ಇಳಿದರೆ ಸೋರಿಕೆ ಆ ಅಡಾಪ್ಟರ್‌ನದು. ಇಳಿಯದಿದ್ದರೆ ಎಲೆಕ್ಟ್ರಿಷಿಯನ್ ಅರ್ಥಿಂಗ್ ಸರಿಮಾಡುವ ತನಕ ನುಡಿಸಬೇಡಿ. ಸಂಘಟಕರು ಎಷ್ಟೇ ಅವಸರ ಮಾಡಲಿ.

ನಿಮ್ಮ ಕಿವಿಗೆ ತಲುಪಿಸುವ ದಾರಿ

ವೇದಿಕೆಯ ಮುಂದಿರುವ ಸಬ್ ವೂಫರ್‌ನ ಕಂಪನ ಹಿಂದಕ್ಕೂ ಬರುತ್ತದೆ, ಅದನ್ನು ನಂಬಿ ನುಡಿಸಬಹುದು ಎಂದು ಹಲವರು ಅಂದುಕೊಳ್ಳುತ್ತಾರೆ. ಅದೊಂದು ಬಲೆ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಸಭಾಂಗಣದ ಹಿಂದಿನ ಗೋಡೆ 20 ಮೀಟರ್ ದೂರವಿದ್ದರೆ ಅಲ್ಲಿಗೆ ಹೋಗಿ ತಿರುಗಿ ಬರುವುದರೊಳಗೆ 115 ಮಿಲಿಸೆಕೆಂಡ್ ಮೀರಿರುತ್ತದೆ. ಆ ಸದ್ದಿಗೆ ಹೊಂದಿಸಿಕೊಳ್ಳಲು ಹೋದರೆ ಲಯ ಪ್ರತಿ ಸಾಲಿನಲ್ಲೂ ಹಿಂದಕ್ಕೆ ಜಗ್ಗುತ್ತದೆ. ಡೋಲಕ್‌ನವರು ನಿಮ್ಮ ಕಡೆ ತಿರುಗಿ ನೋಡುವುದು ಆಗಲೇ.

ಕಾಲ ಬುಡದ ಮಾನಿಟರ್ ಸ್ಪೀಕರ್ ಇದ್ದರೆ ಅದರಿಂದ ಬೇಸ್‌ನ ಗುಡುಗನ್ನು ಬಯಸಬೇಡಿ. 10 ಅಥವಾ 12 ಇಂಚಿನ ಸ್ಪೀಕರ್‌ಗೆ ಕೆಳಗಿನ ಇ ತಂತಿಯ 41 ಹರ್ಟ್ಸನ್ನು ಜೋರಾಗಿ ಹೊರಡಿಸುವ ಶಕ್ತಿ ಇರುವುದಿಲ್ಲ, ಪಟಪಟ ಬಡಿದುಕೊಳ್ಳುತ್ತದೆ. ಮಾನಿಟರ್‌ನಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 700ರಿಂದ 1000 ಹರ್ಟ್ಸ್ ನಡುವೆ 3 ಡಿಬಿ ಏರಿಸಲು ಕೇಳಿ. ಸ್ವರ ಯಾವುದು, ಬೆರಳು ಯಾವಾಗ ಬಿತ್ತು ಎಂಬುದು ಕೇಳುವುದು ಅಲ್ಲಿ.

ಇದಕ್ಕಿಂತ ಒಳ್ಳೆಯ ದಾರಿ ಇಯರ್‌ಫೋನ್. ಬೇಸ್‌ನವರ ಕಾಲಿಗೆ ಹೇಗೂ ಒಂದು ಕೇಬಲ್ ಸುತ್ತಿರುತ್ತದೆ, ಇನ್ನೊಂದು ಸೇರಿದರೆ ನಷ್ಟವಿಲ್ಲ, ದುಬಾರಿ ವೈರ್‌ಲೆಸ್ ಸೆಟ್ ಬೇಡ. ಸೊಂಟಕ್ಕೆ ಸಿಕ್ಕಿಸುವ ಹೆಡ್‌ಫೋನ್ ಆಂಪ್‌ಗೆ ಮಿಕ್ಸರ್‌ನ ಆಕ್ಸ್ (ವೇದಿಕೆಯವರಿಗೆಂದು ಬೇರೆಯಾಗಿ ಕಳಿಸುವ ಮಿಶ್ರಣ) ಕೇಬಲ್ ಕೊಟ್ಟರೆ ಕೆಲಸ ನಡೆಯುತ್ತದೆ. ಬ್ಲೂಟೂತ್ ಇಯರ್‌ಬಡ್ ಮಾತ್ರ ಬೇಡವೇ ಬೇಡ, ನುಡಿಸಿದ್ದು ತಡವಾಗಿ ಕೇಳುತ್ತದೆ.

ಹಾಗಿದ್ದರೂ ನಿಮ್ಮ ಬೇಸ್ ನಿಮಗೆಷ್ಟು ಕೇಳಬೇಕು ಎಂಬುದು ಮಿಕ್ಸರ್ ಮುಂದೆ ಕೂತವರ ಕೈಯಲ್ಲೇ ಉಳಿಯುತ್ತದೆ. ಅದನ್ನು ನಿಮ್ಮ ಕೈಗೆ ತಂದುಕೊಳ್ಳಲು ನಾಲ್ಕೈದು ಚಾನೆಲ್‌ನ ಪುಟ್ಟ ಮಿಕ್ಸರ್ ಒಂದು ಸಾಕು. ನಾವು ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುವುದು ಈ ಜೋಡಣೆಯನ್ನೇ:

1. ಬೇಸ್‌ನಿಂದ ಟ್ಯೂನರ್ ಅಥವಾ ಪ್ರೀಆಂಪ್ ಪೆಡಲ್‌ಗೆ, ಅಲ್ಲಿಂದ ಡಿಐ ಇನ್‌ಪುಟ್‌ಗೆ.
2. ಡಿಐನ ಎಕ್ಸ್‌ಎಲ್‌ಆರ್ ಔಟ್ ಸೌಂಡ್ ಸಿಸ್ಟಂಗೆ.
3. ಡಿಐನ ಲಿಂಕ್ ಎಂಬ ಜಾಕ್‌ನಿಂದ ನಿಮ್ಮ ಪುಟ್ಟ ಮಿಕ್ಸರ್‌ನ 1ನೇ ಚಾನೆಲ್‌ಗೆ.
4. ಸೌಂಡ್ ಸಿಸ್ಟಂನಿಂದ ಬರುವ ಆಕ್ಸ್ ಕೇಬಲ್ 2ನೇ ಚಾನೆಲ್‌ಗೆ. ಅದು ಲೈನ್ ಮಟ್ಟದ ಸಿಗ್ನಲ್, ಆದ್ದರಿಂದ ಮೈಕ್ ಇನ್‌ಪುಟ್‌ಗೆ ಬೇಡ, ಕಾಲಿಂಚಿನ ಲೈನ್ ಜಾಕ್‌ಗೆ ಕನ್ವರ್ಟರ್ ಮೂಲಕ ಕೊಡಿ.
5. ಪುಟ್ಟ ಮಿಕ್ಸರ್‌ನ ಹೆಡ್‌ಫೋನ್ ಔಟ್‌ನಿಂದ ಎಕ್ಸ್‌ಟೆನ್ಷನ್ ಹಾಕಿ ನಿಮ್ಮ ಕಿವಿಗೆ.

ಮೊದಲ ಹಂತದ ಪೆಡಲ್ ಅಲಂಕಾರಕ್ಕಲ್ಲ. ಹೆಚ್ಚಿನ ಡಿಐಗಳಲ್ಲಿ ಲಿಂಕ್ ಜಾಕ್ ಇನ್‌ಪುಟ್‌ಗೆ ಸಮಾನಾಂತರವಾಗಿ ಬೆಸೆದ ತಂತಿ ಅಷ್ಟೇ. ಪ್ಯಾಸಿವ್ ಬೇಸನ್ನು ನೇರವಾಗಿ ಕೊಟ್ಟರೆ ಪುಟ್ಟ ಮಿಕ್ಸರ್‌ನ ಇನ್‌ಪುಟ್ ಪಿಕಪ್ಪನ್ನು ಹಿಂಡಿ, ಜನರಿಗೆ ಹೋಗುವ ನಾದವೂ ಮಂಕಾಗುತ್ತದೆ. ಬಫರ್ (ಸಿಗ್ನಲ್ ಭಾರ ತಡೆಯುವಂತೆ ಮಾಡುವ ಸರ್ಕ್ಯೂಟ್) ಇರುವ ಟ್ಯೂನರ್, ಉದಾಹರಣೆಗೆ ಬಾಸ್ ಕಂಪನಿಯ ಟಿಯು-3, ನಡುವೆ ಇದ್ದರೆ ಈ ತೊಂದರೆ ಇಲ್ಲ.

ಆಕ್ಸ್‌ನಲ್ಲಿ ಹಾಡು, ರಿದಂ ಪ್ಯಾಡ್, ಡೋಲಕ್, ಕೀಬೋರ್ಡ್ ಇರಲಿ, ಬೇಸ್ ಬೇಡ. ಎರಡು ದಾರಿಯಲ್ಲಿ ಬಂದರೆ ಡಿಜಿಟಲ್ ಮಿಕ್ಸರ್‌ನ ಒಂದೆರಡು ಮಿಲಿಸೆಕೆಂಡ್ ತಡದಿಂದ ಒಂದನ್ನೊಂದು ಕಡಿದುಕೊಳ್ಳುತ್ತವೆ. 2 ಮಿಲಿಸೆಕೆಂಡ್ ಅಂತರವಾದರೆ 250 ಹರ್ಟ್ಸ್‌ನಲ್ಲಿ ಗುಳಿ ಬಿದ್ದು ಬೇಸ್ ಟೊಳ್ಳಾಗುತ್ತದೆ. ಆಕ್ಸ್ ಪ್ರೀ ಫೇಡರ್ ಇರಬೇಕು, ಅಂದರೆ ಚಾನೆಲ್‌ನ ಫೇಡರ್ (ಜಾರುಗುಂಡಿ) ಏರಿಳಿದರೂ ಬದಲಾಗಬಾರದು ಎಂದೂ ಹೇಳಿ. ಇಲ್ಲದಿದ್ದರೆ ಅವರು ಗಾಯಕರ ಫೇಡರ್ ಇಳಿಸಿದಾಗಲೆಲ್ಲ ನಿಮ್ಮ ಕಿವಿಯಿಂದಲೂ ಹಾಡು ಮಾಯ. ಆಕ್ಸ್ ಕೇಬಲ್ ಸಿಕ್ಕಿಸಿದೊಡನೆ ಹಮ್ ಬಂದರೆ ಅದಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು.

ಇಯರ್‌ಫೋನ್ ಕಿವಿಯಲ್ಲಿ ಗಾಳಿಯಾಡದಂತೆ ಕೂರಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೂ ಮೊದಲು ಸೋರುವುದು ಕೆಳಗಿನ ಸ್ವರಗಳೇ. ಫೋಮ್ ತುದಿಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಒಳಗಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. "ಬೇಸೇ ಕೇಳ್ತಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ಪರಿಹಾರವಾಗುತ್ತವೆ. ಒಂದು ಕಿವಿಯದನ್ನು ತೆಗೆದು ನುಡಿಸುವ ಅಭ್ಯಾಸ ಬೇಡ. ತೆರೆದ ಕಿವಿಗೆ ಬೀಳುವ ಗದ್ದಲ ಮೀರಲು ಇನ್ನೊಂದರಲ್ಲಿ ವಾಲ್ಯೂಮ್ ಏರಿಸುತ್ತಲೇ ಹೋಗುತ್ತೀರಿ. 85 ಡೆಸಿಬೆಲ್‌ನಲ್ಲಿ 8 ಗಂಟೆ ಕಿವಿ ತಾಳುತ್ತದೆಂದರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100ಕ್ಕೆ ಏರಿದರೆ ಉಳಿಯುವುದು ಕಾಲು ಗಂಟೆ.

ನಾದವನ್ನು ತಿದ್ದುವುದು

ಆಂಪ್‌ನ ಸ್ಪೀಕರ್ ತನ್ನ ಪಾಡಿಗೆ 4, 5 ಕಿಲೋ ಹರ್ಟ್ಸ್ ಮೇಲಿನದನ್ನು ನುಂಗಿ ಹಾಕುತ್ತದೆ. ಲೈನ್‌ನಲ್ಲಿ ಕೊಟ್ಟಾಗ ಬೆರಳ ಗೀರು, ಫ್ರೆಟ್‌ನ ಟಕ್ ಟಕ್ ಎಲ್ಲ ಬೆತ್ತಲಾಗಿ ಹೊರಬರುತ್ತದೆ. ಪೆಡಲ್‌ನಲ್ಲಿ ಕ್ಯಾಬ್ ಸಿಮ್ಯುಲೇಷನ್ (ಆಂಪ್ ಸ್ಪೀಕರ್‌ನ ಅನುಕರಣೆ) ಇದ್ದರೆ ಹಾಕಿ, ಇಲ್ಲವಾದರೆ ಬೇಸ್‌ನ ಟೋನ್ ಗುಂಡಿಯನ್ನು ಅರ್ಧದಷ್ಟು ಇಳಿಸಿ. ಮಿಕ್ಸರ್‌ನಲ್ಲಿ 250ರಿಂದ 400 ಹರ್ಟ್ಸ್ ನಡುವೆ 3 ಡಿಬಿ ಇಳಿಸಿದರೆ ರಾಡಿ ತಿಳಿಯಾಗುತ್ತದೆ. ಜೋರು ಸದ್ದನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್ 4:1, ಅಟ್ಯಾಕ್ 30 ಮಿಲಿಸೆಕೆಂಡ್, ರಿಲೀಸ್ 150, ಜೋರಾದ ಪೆಟ್ಟಿಗೆ 4ರಿಂದ 6 ಡಿಬಿ ತಗ್ಗಿದರೆ ಸಾಕು. ಅಟ್ಯಾಕ್ ಇನ್ನೂ ಚುರುಕಾದರೆ ಬೆರಳಿನ ಪೆಟ್ಟೇ ಸತ್ತುಹೋಗುತ್ತದೆ.

ಪೆಂಡಾಲ್‌ನಲ್ಲಿ ಸಬ್ ಇಲ್ಲದೆ 15 ಇಂಚಿನ ಎರಡು ಸ್ಪೀಕರ್ ಮಾತ್ರ ಇದ್ದರೆ ಕೆಳಗನ್ನು ಏರಿಸಿ ಪ್ರಯೋಜನವಿಲ್ಲ. 80ರಿಂದ 120 ಹರ್ಟ್ಸ್ ತುಸು ಏರಿಸಿ, ಆದಷ್ಟು ಎ ಮತ್ತು ಡಿ ತಂತಿಗಳಲ್ಲಿ ನುಡಿಸಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಇನ್ನೊಂದು ಮುಖ್ಯ ವಿಷಯ ಕೀಬೋರ್ಡ್‌ನದು. ಅದರ ಸ್ಟೈಲ್‌ನೊಳಗೇ (ತಾನಾಗಿ ನುಡಿಯುವ ಪಕ್ಕವಾದ್ಯದೊಳಗೇ) ಒಂದು ಬೇಸ್ ಓಡುತ್ತಿರುತ್ತದೆ. ಎರಡು ಬೇಸ್ ಒಂದೇ ಜಾಗದಲ್ಲಿ ಗುದ್ದಾಡಿದರೆ ಡಿಐ ಎಷ್ಟು ಒಳ್ಳೆಯದಿದ್ದರೂ ಕೇಳುವುದು ಗೊಜ್ಜು. ಸ್ಟೈಲ್‌ನ ಬೇಸ್ ಟ್ರ್ಯಾಕ್ ಮ್ಯೂಟ್ ಮಾಡಲು, ಎಡಗೈಯ ಕೆಳಗಿನ ಸ್ವರ ಬಿಡಲು ಕೀಬೋರ್ಡ್‌ನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಸೌಂಡ್ ಚೆಕ್

ಗೇನ್ ಇಡುವಾಗ ಮೆಲ್ಲಗೆ ನುಡಿಸುವುದು, ಕಾರ್ಯಕ್ರಮದಲ್ಲಿ ಹುರುಪಿನಿಂದ ಬಾರಿಸುವುದು ಎಲ್ಲರೂ ಮಾಡುವ ತಪ್ಪು. ಅತಿ ಜೋರಾದ ಹಾಡಿನ ಭಾಗವನ್ನೇ ನುಡಿಸಿ. ಡಿಜಿಟಲ್ ಮಿಕ್ಸರ್‌ನಲ್ಲಿ ಪೀಕ್ (ಅತಿ ಜೋರಿನ ಮಟ್ಟ) ಮೈನಸ್ 12 ಡಿಬಿ ಹತ್ತಿರ ನಿಲ್ಲಲಿ. ಆಮೇಲೆ ತೆರೆದ ಇ ತಂತಿಯನ್ನೂ ಅದರ 12ನೇ ಫ್ರೆಟ್ಟನ್ನೂ ಒಂದೇ ಬಲದಲ್ಲಿ ಮೀಟಿ. ಕೆಳಗಿನದು ತೀರಾ ಸೊರಗಿದ್ದರೆ ಚಾನೆಲ್‌ನ ಲೋ ಕಟ್ ಗುಂಡಿ ಒತ್ತಿಯೇ ಉಳಿದಿರುವ ಸಂಭವ ಹೆಚ್ಚು. ಹಾಡುವವರಿಗೆಂದು ಇರುವ ಆ ಗುಂಡಿ 80 ಅಥವಾ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸುತ್ತದೆ, ಅಂದರೆ ನಿಮ್ಮ ಕೆಳಗಿನ ಮೂರು ತಂತಿಗಳ ಬುಡವನ್ನೇ. "ಅಣ್ಣಾ, ಬೇಸ್ ಚಾನೆಲ್‌ನಲ್ಲಿ ಲೋ ಕಟ್ ಆನ್ ಇದೆಯಾ, ಸ್ವಲ್ಪ ನೋಡ್ತೀರಾ?" ಎಂದು ಕೇಳಿ. ನಿಮ್ಮ ನಾದ ಇವತ್ತು ಪೂರ್ತಿ ಅವರ ಕೈಯಲ್ಲಿದೆ, ಅವರ ಜೊತೆ ಸೌಜನ್ಯದಿಂದ ಆಡಿದ ಎರಡು ಮಾತು ಯಾವ ಪೆಡಲ್‌ಗೂ ಕಡಿಮೆಯಲ್ಲ.

ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ ಲೂಪರ್ ಪೆಡಲ್ ಇದ್ದರೆ ನಾಲ್ಕು ಸಾಲು ಲೂಪ್ ಹಾಕಿ, ಕೆಳಗಿಳಿದು ಕುರ್ಚಿಗಳ ಮಧ್ಯೆ ನಿಂತು ಕೇಳಿ. ವೇದಿಕೆಯ ಮೇಲೆ ನಿಂತು ಹೊರಗಿನ ಬೇಸ್ ಹೇಗಿದೆ ಎಂದು ಊಹಿಸಲು ಸಾಧ್ಯವಿಲ್ಲ.

ಚೀಲದಲ್ಲಿ ಇರಬೇಕಾದದ್ದು: ಎರಡು ಹೊಸ 9 ವೋಲ್ಟ್ ಬ್ಯಾಟರಿ, ಇನ್ನೊಂದು ಡಿಐ (ಅಗ್ಗದ್ದಾದರೂ ಸರಿ), ಹೆಚ್ಚುವರಿ ಕೇಬಲ್, ಫೋಮ್ ತುದಿಗಳು, ಮಲ್ಟಿಮೀಟರ್. ಮೀಟರ್‌ನಲ್ಲಿ 7.5 ವೋಲ್ಟ್‌ಗಿಂತ ಕೆಳಗಿಳಿದ ಬ್ಯಾಟರಿಯನ್ನು ಬಳಸಬೇಡಿ, ನಡುವೆಯೇ ನಾದ ಒಡೆಯತೊಡಗುತ್ತದೆ. ಡಿಐ ಕೈಕೊಟ್ಟು ಬೇರೆ ದಾರಿಯೇ ಇಲ್ಲದಾಗ ಬಫರ್ ಇರುವ ಟ್ಯೂನರ್‌ನಿಂದ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಕೊಡಿ. ಕೇಬಲ್ ಉದ್ದವಾಗಿ ಸದ್ದು ಬರಬಹುದು, ಆದರೆ ಕಂಬಳಿಯ ಮಂಕಿರುವುದಿಲ್ಲ.

ಮುಗಿದ ಮೇಲೆ ಮೊದಲು ಟ್ಯೂನರ್ ಒತ್ತಿ ಮ್ಯೂಟ್ ಮಾಡಿ, ಮಿಕ್ಸರ್ ಕಡೆ ಕೈ ಸನ್ನೆ ಮಾಡಿ, ಅವರು ಚಾನೆಲ್ ಮುಚ್ಚಿದ ಮೇಲೆ ಕೇಬಲ್ ಕೀಳಿ. ಆಕ್ಟಿವ್ ಬೇಸ್ ಆದರೆ ಜಾಕ್ ಸಿಕ್ಕಿಸಿಯೇ ಚೀಲಕ್ಕಿಡಬೇಡಿ, ಜಾಕ್ ಒಳಗಿರುವಷ್ಟು ಹೊತ್ತೂ ಬ್ಯಾಟರಿ ಉರಿಯುತ್ತಲೇ ಇರುತ್ತದೆ.