ದನದ ಕೊಟ್ಟಿಗೆಯಲ್ಲಿ ಕುದುರೆ ಕಟ್ಟುವ ಮುನ್ನ

ಬೆಂಗಳೂರಿನಲ್ಲಿ ಕುದುರೆ ಎಂದೊಡನೆ ಹೆಚ್ಚಿನವರಿಗೆ ರೇಸ್‌ಕೋರ್ಸ್ ರಸ್ತೆಯ ಪಂದ್ಯದ ಕುದುರೆಗಳೇ ನೆನಪಾಗುತ್ತವೆ. ಅವುಗಳಿಗೆ ವೈದ್ಯರೂ ಕುದುರೆ ನೋಡಿಕೊಳ್ಳುವ ಸೈಸರೂ ಸದಾ ಹತ್ತಿರದಲ್ಲಿರುತ್ತಾರೆ. ನಗರದ ಹೊರವಲಯದ ತೋಟದ ಮನೆಗಳಲ್ಲಿ, ಸಣ್ಣಪುಟ್ಟ ಸವಾರಿ ಶಾಲೆಗಳಲ್ಲಿ, ಮದುವೆ ಮೆರವಣಿಗೆಗೆ ಕುದುರೆ ಕೊಡುವವರ ಹಿತ್ತಿಲುಗಳಲ್ಲಿ ಇರುವ ಕುದುರೆಗಳ ಸ್ಥಿತಿ ಹಾಗಲ್ಲ. ಅವುಗಳಲ್ಲಿ ಅನೇಕವು ಹಿಂದೆ ಹಸು ಕಟ್ಟಿದ್ದ ಕೊಟ್ಟಿಗೆಯಲ್ಲೇ ನಿಂತಿರುತ್ತವೆ, ಹಸುವಿಗೆ ತಂದ ಮೇವನ್ನೇ ತಿನ್ನುತ್ತವೆ, ಕಾಯಿಲೆ ಬಿದ್ದಾಗ ಹಸು ಸಾಕಿ ಅನುಭವವಿರುವವರ ಸಲಹೆಯಂತೆಯೇ ಔಷಧಿ ಕುಡಿಯುತ್ತವೆ. ನಾನು ಕಂಡಂತೆ, ಇಂತಹ ಲಾಯಗಳಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಕುದುರೆಯನ್ನು ದನದಂತೆ ನೋಡಿಕೊಳ್ಳುವುದರಿಂದಲೇ ಹುಟ್ಟುತ್ತವೆ. ದನ ನಾಲ್ಕು ಕೋಣೆಗಳ ಹೊಟ್ಟೆಯಿಂದ ಮೆಲುಕು ಹಾಕುವ ಪ್ರಾಣಿ. ಕುದುರೆಗೆ ಇರುವುದು ಒಂದೇ ಸಣ್ಣ ಜಠರ, ಅದಕ್ಕೆ ಮೆಲುಕು ಹಾಕಲು ಬಾರದು, ವಾಂತಿ ಮಾಡಲೂ ಬಾರದು. ಒಳಗೆ ಹೋದದ್ದು ಕೆಟ್ಟದ್ದಾದರೂ ಅಷ್ಟುದ್ದದ ಕರುಳನ್ನು ಹಾದೇ ಹೊರಗೆ ಬರಬೇಕು.

ಆರೋಗ್ಯವಂತ ಕುದುರೆಯ ಲೆಕ್ಕ

ಕಾಯಿಲೆಯನ್ನು ಗುರುತಿಸಬೇಕಾದರೆ ನಿಮ್ಮ ಕುದುರೆ ಚೆನ್ನಾಗಿರುವಾಗ ಹೇಗಿರುತ್ತದೆ ಎಂಬುದು ಮೊದಲು ತಿಳಿದಿರಬೇಕು. ವಿಶ್ರಾಂತಿಯಲ್ಲಿರುವ, ಪೂರ್ತಿ ಬೆಳೆದ ಕುದುರೆಯ ದೇಹದ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರಾಟ ನಿಮಿಷಕ್ಕೆ 8ರಿಂದ 16. ಉಷ್ಣತೆಯನ್ನು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಬೇಕು. ಅದಕ್ಕೊಂದು ದಾರ ಕಟ್ಟಿ, ದಾರದ ತುದಿಯನ್ನು ಕ್ಲಿಪ್ಪಿನಿಂದ ಬಾಲದ ಕೂದಲಿಗೆ ಸಿಕ್ಕಿಸಿ, ಕುದುರೆಯ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟು ಒತ್ತಿದರೆ ನಾಡಿ ಸಿಗುತ್ತದೆ. ಒಸಡು ತಿಳಿಗೆಂಪಾಗಿ ತೇವವಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಇವಿಷ್ಟನ್ನು ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಟ್ಟರೆ ನಿಮ್ಮ ಕುದುರೆಯದೇ ಆದ ಲೆಕ್ಕ ಕೈಗೆ ಸಿಗುತ್ತದೆ. ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೆ, ಬಕೆಟ್ಟಿನಲ್ಲಿ ನೀರೆಷ್ಟು ಉಳಿಯುತ್ತದೆ ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ರಾತ್ರಿ ವೈದ್ಯರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದು ಇದನ್ನೇ, ‘ಏನೋ ಮಂಕಾಗಿದೆ ಡಾಕ್ಟ್ರೇ’ ಎಂಬ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಹೊಟ್ಟೆಶೂಲೆ

ಕುದುರೆಯ ಪ್ರಾಣಕ್ಕೆ ಅತಿ ಹೆಚ್ಚು ಅಪಾಯ ತರುವುದು ಹೊಟ್ಟೆಶೂಲೆ, ಲಾಯದವರು ಕೋಲಿಕ್ ಎನ್ನುವುದು ಇದನ್ನೇ. ಮೇವು ಬಿಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ಪಕ್ಕೆಯನ್ನು ನೋಡುವುದು, ಮೇಲ್ದುಟಿ ಮಡಿಚುವುದು, ಮಲಗಿ ಎದ್ದು ಹೊರಳಾಡುವುದು, ಲದ್ದಿ ನಿಲ್ಲುವುದು ಇದರ ಲಕ್ಷಣಗಳು. ಇವುಗಳಲ್ಲಿ ಎರಡು ಕಂಡರೂ ಮೇವನ್ನು ಪೂರ್ತಿ ತೆಗೆದು, ನಾಡಿ ಎಣಿಸಿ, ವೈದ್ಯರನ್ನು ಕರೆಯಬೇಕು. ನಾಡಿ 60ನ್ನು ದಾಟಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ವೈದ್ಯರು ಬರುವವರೆಗೆ ನಿಧಾನವಾಗಿ ಅಡ್ಡಾಡಿಸಬಹುದು, ಆದರೆ ದಣಿಯುವಷ್ಟು ನಡೆಸಬಾರದು. ಸುಮ್ಮನೆ ಮಲಗಿದ್ದರೆ ಎಬ್ಬಿಸುವ ಅಗತ್ಯವೂ ಇಲ್ಲ.

ಇಲ್ಲಿ ಮಾಡಬಾರದ ಕೆಲಸವೊಂದಿದೆ. ನಾನು ಸಾಕಿದ ಮೊದಲ ಕುದುರೆಗೆ ಹೊಟ್ಟೆಶೂಲೆ ಬಂದ ರಾತ್ರಿ, ನಲವತ್ತು ವರ್ಷ ಹಸು ಸಾಕಿದ್ದ ಪಕ್ಕದ ತೋಟದ ಹಿರಿಯರು ಪ್ರೀತಿಯಿಂದಲೇ ಗೊಟ್ಟದ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ತುಂಬ ಹರಳೆಣ್ಣೆ ತಂದು ಕುದುರೆಯ ತಲೆಯನ್ನು ಮೇಲಕ್ಕೆ ಎತ್ತಿಸಿದ್ದರು. ಫೋನಿನಲ್ಲಿದ್ದ ವೈದ್ಯರು ಕೂಗಿ ತಡೆಯದಿದ್ದರೆ ಆ ಎಣ್ಣೆಯಲ್ಲಿ ಒಂದಿಷ್ಟು ಶ್ವಾಸಕೋಶಕ್ಕೆ ಇಳಿದು, ಶೂಲೆಯ ಮೇಲೆ ನ್ಯುಮೋನಿಯಾವೂ ಸೇರಿಕೊಳ್ಳುತ್ತಿತ್ತು. ಕುದುರೆಗೆ ಎಣ್ಣೆ ಕೊಡಬೇಕಾದರೆ ವೈದ್ಯರು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿಯೇ ಕೊಡುತ್ತಾರೆ. ಜಠರ ಉಬ್ಬಿದ್ದರೆ ಅದೇ ನಳಿಕೆಯಿಂದ ಒತ್ತಡವನ್ನೂ ಹೊರಗೆ ಬಿಡುತ್ತಾರೆ.

ಶೂಲೆಯನ್ನು ತಡೆಯುವ ದಾರಿ ಮೇವು ಮತ್ತು ನೀರಿನ ಶಿಸ್ತಿನಲ್ಲಿದೆ. ಒಣ ತೂಕದ ಲೆಕ್ಕದಲ್ಲಿ ಕುದುರೆಯ ದೇಹತೂಕದ ಶೇಕಡ 1.5ರಿಂದ 2ರಷ್ಟು ಹುಲ್ಲು ದಿನಕ್ಕೆ ಬೇಕು, ಅದು ಒಮ್ಮೆಗೇ ಅಲ್ಲದೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬಾಯಿಗೆ ಸಿಗುವಂತಿರಬೇಕು. ಓಟ್ಸ್, ಬೂಸಾ, ನೆನೆಸಿ ಬೇಯಿಸಿದ ಹುರುಳಿ ಮುಂತಾದವು ಹುಲ್ಲಿನ ಮೇಲಿನ ಸೇರ್ಪಡೆಗಳು ಮಾತ್ರ. ಕೆಲಸವಿಲ್ಲದೆ ನಿಂತ ಕುದುರೆಗೆ ಅವುಗಳನ್ನು ಹೆಚ್ಚಿಸಿದರೆ ಗೊರಸಿನೊಳಗೆ ಉರಿಯೂತವಾಗಿ ಕುದುರೆ ಕಾಲೂರಲಾರದೆ ನಿಲ್ಲುತ್ತದೆ. ಇದಕ್ಕೆ ಲ್ಯಾಮಿನೈಟಿಸ್ ಎಂದು ಹೆಸರು. ಯಾವುದೇ ಹೊಸ ಮೇವನ್ನು 7ರಿಂದ 10 ದಿನಗಳ ಅವಧಿಯಲ್ಲಿ ಹಳೆಯದರೊಂದಿಗೆ ಬೆರೆಸುತ್ತ ರೂಢಿಸಬೇಕು. ರಾಗಿ ಹುಲ್ಲು, ಭತ್ತದ ಹುಲ್ಲು ಅಗ್ಗವಾಗಿ ಸಿಗುತ್ತವೆಯೆಂದು ಅವುಗಳನ್ನೇ ನೆಚ್ಚಿದರೆ ಒರಟು ನಾರು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ನೀರು ಕಡಿಮೆಯಾದರಂತೂ ಹೇಳುವುದೇ ಬೇಡ. ಕುದುರೆ ಮೆಂತೆ ಎಂದು ಕರೆಯುವ ಲೂಸರ್ನ್ ಒಳ್ಳೆಯ ಮೇವಾದರೂ, ಅದೊಂದೇ ಮುಖ್ಯ ಆಹಾರವಾಗಿ ಕುಡಿಯಲು ಖನಿಜಾಂಶ ಹೆಚ್ಚಿರುವ ಗಡಸು ನೀರು ಸಿಕ್ಕರೆ ಕೆಲವು ಕುದುರೆಗಳ ಕರುಳಿನಲ್ಲಿ ಕಲ್ಲು ಬೆಳೆಯುತ್ತದೆ. ನಮ್ಮ ಹೊರವಲಯದ ಕೊಳವೆಬಾವಿ ನೀರನ್ನು ನಂಬಿರುವವರು ಇದನ್ನು ಗಮನದಲ್ಲಿಡಬೇಕು.

ಬೂಷ್ಟು ಹಿಡಿದ ಹುಲ್ಲನ್ನು ಹಸು ತಿಂದು ಅರಗಿಸಿಕೊಂಡಿತೆಂದು ಕುದುರೆಗೆ ಹಾಕಬಾರದು. ದನಗಳಿಗೆಂದು ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸಿ ಮಾಡಿದ ರಸಮೇವೂ (ಸೈಲೇಜ್) ಬೇಡ. ಸರಿಯಾಗಿ ಹುದುಗದ ರಸಮೇವಿನಲ್ಲಿ ಬೊಟುಲಿಸಂ ಎಂಬ ಪಾರ್ಶ್ವವಾಯುವಿನಂತಹ ಕಾಯಿಲೆ ಉಂಟುಮಾಡುವ ವಿಷ ಬೆಳೆಯಬಹುದು, ಆ ವಿಷಕ್ಕೆ ಕುದುರೆ ದನಕ್ಕಿಂತ ಬೇಗ ತುತ್ತಾಗುತ್ತದೆ. ಇದಕ್ಕಿಂತಲೂ ಸದ್ದಿಲ್ಲದ ಅಪಾಯ ಕೋಳಿ ಆಹಾರದಲ್ಲಿದೆ. ಅದರಲ್ಲಿ ಬೆರೆಸುವ ಮೊನೆನ್ಸಿನ್‌ನಂತಹ ಔಷಧಿ ಕುದುರೆಯ ಹೃದಯದ ಸ್ನಾಯುವನ್ನೇ ಹಾಳು ಮಾಡುತ್ತದೆ, ಸ್ವಲ್ಪ ಪ್ರಮಾಣವೇ ಕೊಲ್ಲಬಲ್ಲದು. ಆದ್ದರಿಂದ ಕೋಳಿ ಆಹಾರದ ಮೂಟೆಯನ್ನು ಕುದುರೆಯ ಮೇವಿನ ಕೋಣೆಯಲ್ಲಿ ಇಡಬಾರದು, ಅದರ ಖಾಲಿ ಚೀಲದಲ್ಲಿ ಬೂಸಾ ತುಂಬಿಸಲೂಬಾರದು. ಬಡಾವಣೆಗಳ ಅಂಚಿನಲ್ಲಿ ಅಲಂಕಾರಕ್ಕೆ ನೆಟ್ಟ ಕಣಗಿಲೆಯ ಕೆಲವೇ ಎಲೆಗಳು ಕುದುರೆಯನ್ನು ಕೊಲ್ಲಬಲ್ಲವು. ಒಣಗಿದರೂ ವಿಷ ಇಳಿಯುವುದಿಲ್ಲವಾದ್ದರಿಂದ ಕತ್ತರಿಸಿ ಬಿಸಾಡಿದ ಕೊಂಬೆಗಳ ಮೇಲೂ ಕಣ್ಣಿರಲಿ. ಖಾಲಿ ಸೈಟುಗಳಲ್ಲಿ ಮೇಯಲು ಬಿಡುವವರಿಗೆ ಪ್ಲಾಸ್ಟಿಕ್ ಕವರಿನ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ.

ನೀರು ದಿನಕ್ಕೆ 25ರಿಂದ 50 ಲೀಟರ್ ಬೇಕು, ಏಪ್ರಿಲ್ ಬಿಸಿಲಿನಲ್ಲಿ ಕೆಲಸ ಮಾಡುವ ಕುದುರೆಗೆ ಇನ್ನೂ ಹೆಚ್ಚು. ಬೆವರಿನಲ್ಲಿ ಉಪ್ಪು ಹೊರಗೆ ಹೋಗುವುದರಿಂದ ಮೇವಿನಲ್ಲಿ ದಿನಕ್ಕೆ ಸುಮಾರು 30 ಗ್ರಾಂ ಅಡುಗೆ ಉಪ್ಪು ಬೆರೆಸುವುದು ಒಳ್ಳೆಯದು. ಡಿಸೆಂಬರ್ ಚಳಿಯಲ್ಲಿ ಕುದುರೆಗಳು ತಾವಾಗಿಯೇ ನೀರು ಕಡಿಮೆ ಕುಡಿಯುತ್ತವೆ, ಆಗಲೇ ಮಲಬದ್ಧತೆಯ ಶೂಲೆ ಹೆಚ್ಚು. ವರ್ಷಕ್ಕೊಮ್ಮೆ ಹಲ್ಲು ತೋರಿಸಿ. ಅರೆಬರೆ ಅಗಿದ ಹುಲ್ಲಿನ ಉಂಡೆ ಬಾಯಿಂದ ಉದುರುತ್ತಿದ್ದರೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದೆ ಎಂದರ್ಥ.

ನೊಣ, ಉಣ್ಣೆ, ಹುಳು

ನೊಣಕ್ಕೆ ಔಷಧಿ ಸಿಂಪಡಿಸುವುದಕ್ಕಿಂತ ಮೊದಲು ಲದ್ದಿ ಎತ್ತಬೇಕು. ಬೆಚ್ಚನೆಯ ಹವೆಯಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆ ಬಲಿತ ನೊಣವಾಗಲು 7ರಿಂದ 10 ದಿನ ಸಾಕು. ಆದ್ದರಿಂದ ಲದ್ದಿಯನ್ನೂ ಮೂತ್ರದಲ್ಲಿ ನೆನೆದ ಹಾಸು ಹುಲ್ಲನ್ನೂ ದಿನಾಲೂ ಎತ್ತಿ, ಲಾಯದಿಂದ ದೂರದ ತಿಪ್ಪೆಯಲ್ಲಿ ಒತ್ತಾಗಿ ಪೇರಿಸಿ ಟಾರ್ಪಾಲು ಮುಚ್ಚಿದರೆ ಒಳಗಿನ ಕಾವಿಗೆ ಮರಿಹುಳುಗಳೂ ಜಂತುಹುಳುವಿನ ಮೊಟ್ಟೆಗಳೂ ಸಾಯುತ್ತವೆ. ಹಸಿ ಲದ್ದಿಯನ್ನು ಮೇಯುವ ಜಾಗಕ್ಕೇ ಗೊಬ್ಬರವಾಗಿ ಚೆಲ್ಲುವುದು ಹುಳುವನ್ನು ಬಿತ್ತಿದ ಹಾಗೆ.

ಮುಸ್ಸಂಜೆ ಮತ್ತು ನಸುಕಿನಲ್ಲಿ ಕಚ್ಚುವ ನೊರಜುಗಳು ಕೇಸರ ಮತ್ತು ಬಾಲದ ಬುಡದಲ್ಲಿ ತೀವ್ರ ತುರಿಕೆ ತರುತ್ತವೆ. ಅವು ಬಲವಾಗಿ ಹಾರಲಾರವು, ಆದ್ದರಿಂದ ಆ ಹೊತ್ತಿಗೆ ಕುದುರೆಯನ್ನು ಒಳಗೆ ಕಟ್ಟಿ, ಎಟುಕದ ಎತ್ತರದಲ್ಲಿ ಒಂದು ಫ್ಯಾನ್ ಹಾಕಿದರೆ ಬಹುಪಾಲು ಕೆಲಸ ಮುಗಿಯಿತು. ಮಳೆಗಾಲದಲ್ಲಿ ಹೆಚ್ಚಾಗುವ ದೊಡ್ಡ ಕುದುರೆನೊಣಗಳಿಂದ ಸರ್ರಾ ಎಂಬ ರೋಗ ಹರಡುತ್ತದೆ. ಬಂದು ಹೋಗುವ ಜ್ವರ, ತಿನ್ನುತ್ತಿದ್ದರೂ ಸೊರಗುವುದು, ಬಿಳಿಚಿದ ಒಸಡು, ಕಾಲು ಮತ್ತು ಹೊಟ್ಟೆಯ ಅಡಿಯಲ್ಲಿ ಊತ ಇದರ ಗುರುತುಗಳು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಉಣ್ಣೆಗಳಿಂದ ಬರುವ ಜ್ವರದಲ್ಲಿ ಒಸಡು ಮತ್ತು ಕಣ್ಣು ಹಳದಿಯಾಗುತ್ತವೆ, ಮೂತ್ರ ಕಪ್ಪಾಗುವುದೂ ಉಂಟು. ಕಿವಿಯೊಳಗೆ, ಕೇಸರದ ಬುಡದಲ್ಲಿ, ಬಾಲದ ಕೆಳಗೆ, ತೊಡೆಯ ಸಂದಿಯಲ್ಲಿ ಮೈಯುಜ್ಜುವಾಗಲೆಲ್ಲ ಬೆರಳಾಡಿಸಿ ನೋಡಬೇಕು.

ದನದ ಔಷಧಿಯ ಮಾತು ಇಲ್ಲಿ ಮತ್ತೆ ಬರುತ್ತದೆ. ಹಸುವಿನ ಉಣ್ಣೆಗೆ ಬಳಸುವ ಅಮಿಟ್ರಾಜ್ ದ್ರಾವಣವನ್ನು ಕುದುರೆಯ ಮೈಗೆ ಹಚ್ಚಲೇಬಾರದು, ಅದು ಕರುಳಿನ ಚಲನೆಯನ್ನು ನಿಲ್ಲಿಸಿ ಮಾರಕ ಶೂಲೆ ತರುತ್ತದೆ. ಹಾಗೆಯೇ ಹಸುವಿಗೆ ಕೊಡುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಬಾರದು. ಚುಚ್ಚಿದ ಜಾಗದಲ್ಲಿ ಪ್ರಾಣಾಪಾಯದ ಸೋಂಕು ಉಂಟಾಗಬಹುದು. ಕುದುರೆಗೆಂದೇ ಬಾಯಿಗೆ ಹಾಕುವ ಪೇಸ್ಟ್ ಸಿಗುತ್ತದೆ.

ಜಂತುಹುಳುವಿಗೆ ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗಳಿಗೂ ಔಷಧಿ ಹಾಕುವುದು ಹಳೆಯ ಪದ್ಧತಿ, ಅದರಿಂದ ಹುಳುಗಳು ಔಷಧಿಗೆ ಒಗ್ಗಿಹೋಗಿವೆ. ಲದ್ದಿಯ ಪರೀಕ್ಷೆ ಮಾಡಿಸಿ, ಒಂದು ಗ್ರಾಂ ಲದ್ದಿಯಲ್ಲಿ 200ಕ್ಕಿಂತ ಹೆಚ್ಚು ಮೊಟ್ಟೆಗಳಿರುವ ದೊಡ್ಡ ಕುದುರೆಗಳಿಗೆ ಔಷಧಿ ಹಾಕಿ, 14 ದಿನಗಳ ನಂತರ ಮತ್ತೆ ಪರೀಕ್ಷಿಸಿ ಮೊಟ್ಟೆ ಇಳಿದಿದೆಯೇ ಎಂದು ನೋಡುವುದು ಈಗಿನ ಕ್ರಮ. ಮರಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವುಗಳ ವೇಳಾಪಟ್ಟಿಯನ್ನು ವೈದ್ಯರೇ ಹೇಳಬೇಕು. ತೂಕ ಊಹಿಸಿ ಕಡಿಮೆ ಔಷಧಿ ಹಾಕುವುದೂ ತಪ್ಪು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋಗ್ರಾಂನಲ್ಲಿ ಬರುತ್ತದೆ. ಸುತ್ತಳತೆ 170, ಉದ್ದ 150 ಇದ್ದರೆ ಸುಮಾರು 365 ಕಿಲೋ. ಮುಂಗಾಲಿನ ಕೂದಲಿಗೆ ಅಂಟಿದ ಹಳದಿ ಚುಕ್ಕೆಗಳು ಬಾಟ್ ನೊಣದ ಮೊಟ್ಟೆಗಳು, ಇದರ ಮರಿಹುಳುಗಳು ಕುದುರೆಯ ಜಠರದಲ್ಲಿ ಬೆಳೆಯುತ್ತವೆ. ಕುದುರೆ ಅವನ್ನು ನೆಕ್ಕುವ ಮೊದಲೇ ಮೊಂಡು ಚಾಕುವಿನಿಂದ ಕೆರೆದು ತೆಗೆಯಬೇಕು.

ಗೊರಸು

ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಕೆಸರಿನಲ್ಲಿ ನಿಂತ ಗೊರಸಿನ ತಳದ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತು ನಾರುತ್ತದೆ. ದಿನಕ್ಕೊಮ್ಮೆ ಕೊಕ್ಕೆಯಿಂದ ಗೊರಸು ಕೆರೆದು ಸ್ವಚ್ಛ ಮಾಡಿ, ನೆಲ ಒಣಗಿರುವಂತೆ ನೋಡಿಕೊಂಡರೆ ಇದು ಬಾರದು. 5–6 ವಾರಗಳಿಗೊಮ್ಮೆ ಲಾಳ ಬಿಚ್ಚಿಸಿ ಗೊರಸು ಕತ್ತರಿಸಿ ಮತ್ತೆ ಕಟ್ಟಿಸಬೇಕು. ಕಟ್ಟಡ ಕೆಲಸ ನಡೆಯುವ ರಸ್ತೆಗಳಲ್ಲಿ ಮೊಳೆ ಚುಚ್ಚುವುದು ಸಾಮಾನ್ಯ; ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲವಾದ್ದರಿಂದ ಚುಚ್ಚಿದ ಗಾಯ ಎಷ್ಟೇ ಸಣ್ಣದಾದರೂ ವೈದ್ಯರಿಗೆ ತೋರಿಸಬೇಕು.

ಲಸಿಕೆ ಮತ್ತು ಹೊಸ ಕುದುರೆ

ಧನುರ್ವಾಯು ಲಸಿಕೆಯನ್ನು ಮೊದಲು 4ರಿಂದ 6 ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಬೀದಿನಾಯಿಗಳಿರುವ ಈ ಊರಿನಲ್ಲಿ ರೇಬಿಸ್ ಲಸಿಕೆಯೂ ವರ್ಷಕ್ಕೊಮ್ಮೆ ಕಡ್ಡಾಯವೆಂದೇ ಭಾವಿಸಿ. ಬೇರೆ ಕುದುರೆಗಳೊಡನೆ ಬೆರೆಯುವ ಕುದುರೆಗೆ ಇನ್‌ಫ್ಲುಯೆಂಜಾ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುವುದು ಒಳ್ಳೆಯದು. 2008ರಲ್ಲಿ ಜಮ್ಮು ಭಾಗದ ಕತ್ರಾದಲ್ಲಿ ಕಾಣಿಸಿಕೊಂಡ ಈ ರೋಗ ದೇಶದ ಹಲವು ರಾಜ್ಯಗಳಿಗೆ ಹಬ್ಬಿತ್ತು. ಅದು ಬಂದು ಹೋದ ಮೇಲೆ, ಜ್ವರವಿದ್ದ ಒಂದೊಂದು ದಿನಕ್ಕೆ ಒಂದೊಂದು ವಾರದಂತೆ ವಿಶ್ರಾಂತಿ ಕೊಡಬೇಕು. ಮದುವೆಯ ಹಂಗಾಮಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ ಎಂಬುದು ನನಗೂ ಗೊತ್ತು.

ಲಸಿಕೆಯೇ ಇಲ್ಲದ ರೋಗ ಗ್ಲ್ಯಾಂಡರ್ಸ್. ಮೂಗಿನಿಂದ ಅಂಟಾದ ಸುರಿತ, ಮೂಗಿನೊಳಗೆ ಹುಣ್ಣು, ಚರ್ಮದಡಿ ಸಾಲಾಗಿ ಗಂಟುಗಳು, ಕೆಮ್ಮು, ಸೊರಗುವುದು ಇದರ ಲಕ್ಷಣಗಳು. ಇದು ಮನುಷ್ಯರಿಗೂ ತಗಲಿ ಪ್ರಾಣ ತೆಗೆಯಬಲ್ಲದು. ಅನುಮಾನ ಬಂದರೆ ಪಶುಸಂಗೋಪನಾ ಇಲಾಖೆಗೆ ತಿಳಿಸುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಮಾಲೀಕನ ಕರ್ತವ್ಯ. ರಕ್ತದ ಮಾದರಿಯ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಮಾಡುವಂತಿಲ್ಲ, ಅದನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ಕೊಳ್ಳುವ ಮುನ್ನ ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ಕೇಳುವುದು ಮಾರುವವನಿಗೆ ಅವಮಾನವೆನಿಸಿದರೂ ಕೇಳಲೇಬೇಕು.

ವರದಿ ಸರಿಯಿದ್ದರೂ ಹೊಸ ಕುದುರೆಯನ್ನು ಮೂರು ವಾರ ಬೇರೆಯಾಗಿ ಕಟ್ಟಬೇಕು. ಗಂಟಲಿನ ಗಂಟು ಬಾತು ಕೀವಾಗುವ ಸ್ಟ್ರ್ಯಾಂಗಲ್ಸ್ ತಲೆದೋರಲು ಎರಡು ವಾರದವರೆಗೂ ಬೇಕಾಗಬಹುದು. ಆ ಅವಧಿಯಲ್ಲಿ ದಿನಕ್ಕೆ ಎರಡು ಸಲ ಉಷ್ಣತೆ ನೋಡಿ ಬರೆದಿಡಬೇಕು, ಏಕೆಂದರೆ ಜ್ವರ ಬಂದ ದಿನವೇ ಗೊತ್ತಾದರೆ ರೋಗ ಬೇರೆ ಕುದುರೆಗಳಿಗೆ ದಾಟುವ ಮೊದಲೇ ತಡೆಯಬಹುದು. ಅದರ ಬಕೆಟ್, ಬ್ರಷ್, ಲಗಾಮು ಎಲ್ಲವೂ ಬೇರೆ ಇರಲಿ, ಗುರುತಿಗೆ ಕೆಂಪು ಬಣ್ಣ ಬಳಿದರೆ ಸೈಸನಿಗೂ ಮರೆವಾಗದು. ಮೆರವಣಿಗೆಗೆ ಹೋದ ಕುದುರೆ ಕಂಡ ಕಂಡ ತೊಟ್ಟಿಯಲ್ಲಿ ಬಾಯಿ ಹಾಕದಂತೆ ಮನೆಯ ಬಕೆಟ್ಟನ್ನೇ ಗಾಡಿಯಲ್ಲಿ ಕೊಂಡೊಯ್ಯಬೇಕು. ಲಾಯದ ಕೆಲಸವನ್ನು ಹಳೆಯ ಕುದುರೆಗಳಿಂದ ಆರಂಭಿಸಿ ಹೊಸತರ ಬಳಿಗೆ ಕೊನೆಗೆ ಹೋಗಬೇಕು, ಆಮೇಲೆ ಕೈಯನ್ನು ಸೋಪಿನಿಂದ ತೊಳೆದು, ಬಟ್ಟೆ ಬದಲಿಸದೆ ಮತ್ತೆ ಹಳೆಯವುಗಳ ಹತ್ತಿರ ಹೋಗಬಾರದು.