ಸೆರಾಮಿಕ್ ಕೋಟಿಂಗ್: ಬಾಟಲಿಗಿಂತ ಮೊದಲು ನಿಮ್ಮ ಬೋರ್ ನೀರು ನೋಡಿ

ದಾವಣಗೆರೆ ಕಡೆ ಯಾರಾದರೂ "ಕಾರಿಗೆ ಸೆರಾಮಿಕ್ ಕೋಟಿಂಗ್ ಹಾಕಿಸಬೇಕು, ಯಾವುದು ಒಳ್ಳೇದು?" ಅಂತ ಕೇಳಿದರೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ಕಾರು ಯಾವ ನೀರಲ್ಲಿ ತೊಳೀತೀರಿ ಅಂತ ತಿರುಗಿ ಕೇಳುತ್ತೇನೆ. ಬೋರ್ ನೀರಾ, ನಲ್ಲಿ ನೀರಾ? ನಮ್ಮ ಕಡೆ ಕೋಟಿಂಗ್ ಚೆನ್ನಾಗಿ ಉಳಿಯೋದೂ, ಆರು ತಿಂಗಳಿಗೆ ಮಂಕಾಗೋದೂ ಬಹುಪಾಲು ಅದರ ಮೇಲೇ ನಿಂತಿದೆ.

ನಾನು ಡಿಟೇಲಿಂಗ್, ಅಂದರೆ ಕಾರು ತೊಳೆದು ಪಾಲಿಶ್ ಮಾಡಿ ಕೋಟಿಂಗ್ ಹಾಕಿಕೊಡುವ, ಅಂಗಡಿ ಇಟ್ಟವನಲ್ಲ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ಕೆಲಸ ಚಿತ್ರದುರ್ಗದಲ್ಲಿ. ಮನೆಯಲ್ಲಿರೋದು ಕಡುನೀಲಿ ಬಣ್ಣದ ಒಂದು ಸ್ವಿಫ್ಟ್. ಅದೇ ಆಫೀಸಿಗೆ, ಅದೇ ಮಕ್ಕಳ ಟ್ಯೂಷನ್‌ಗೆ, ಅದೇ ಊರಿನಿಂದ ಮೆಕ್ಕೆಜೋಳದ ಚೀಲ ತರೋಕೆ. ಅದಕ್ಕೆ ಮನೆ ಮುಂದಿನ ಪೋರ್ಟಿಕೋದಲ್ಲೇ ನಾನೇ ಕೋಟಿಂಗ್ ಹಾಕಿದೆ. ಆಮೇಲೆ ಭಾವಮೈದುನನ ಬಿಳಿ ಕಾರಿಗೂ ಹಾಕಿಕೊಟ್ಟೆ.

ಮೊದಲು ಈ ವಸ್ತು ಏನು ಅಂತ ತಿಳಿದಿರಬೇಕು. ಇದು ಸಿಲಿಕಾ ಆಧಾರದ ಒಂದು ದ್ರವ. ಪೇಂಟಿನ ಮೇಲಿರುವ ಬಣ್ಣವಿಲ್ಲದ ಪಾರದರ್ಶಕ ಪದರಕ್ಕೆ, ಅಂದರೆ ಕ್ಲಿಯರ್ ಕೋಟ್‌ಗೆ, ಅಂಟಿಕೊಂಡು, ಗಾಳಿಯ ತೇವದ ಜೊತೆ ಸೇರಿ ಗಟ್ಟಿಯಾಗುತ್ತದೆ. ಹಾಗೆ ಉಳಿಯುವ ಪದರದ ದಪ್ಪ ಸಾಮಾನ್ಯವಾಗಿ 1ರಿಂದ 2 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಫ್ಯಾಕ್ಟರಿಯಿಂದ ಬಂದ ಕಾರಿನ ಪೂರ್ತಿ ಪೇಂಟೇ ಸುಮಾರು 100ರಿಂದ 140 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ 40ರ ಆಸುಪಾಸು. ಈ ಲೆಕ್ಕ ತಲೆಯಲ್ಲಿದ್ದರೆ ಅರ್ಧ ಜಾಹೀರಾತುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಎನ್‌ಎಚ್ 48ರಲ್ಲಿ ಮುಂದೆ ಹೋಗುವ ಟಿಪ್ಪರ್‌ನಿಂದ ಹಾರುವ ಜಲ್ಲಿಯನ್ನು 2 ಮೈಕ್ರಾನ್ ಪದರ ತಡೆಯೋದುಂಟಾ? ಕಲ್ಲಿನೇಟಿಗೆ ಬೇಕಾದ್ದು ಪಿಪಿಎಫ್ ಅನ್ನುವ ಪಾಲಿಯುರೆಥೇನ್ ಹಾಳೆ. ಅದರ ದಪ್ಪ 150ರಿಂದ 200 ಮೈಕ್ರಾನ್, ಬೆಲೆಯೂ ಹಲವು ಪಟ್ಟು ಜಾಸ್ತಿ.

ಕೋಟಿಂಗ್ ಎಷ್ಟು ಗಟ್ಟಿ ಅಂತ ಜಾಹೀರಾತಿನಲ್ಲಿ ಹೇಳುವ "9 ಎಚ್" ಮಾತೂ ಹಾಗೇ. ಅದು ಪೆನ್ಸಿಲ್ ಪರೀಕ್ಷೆಯ ಅಳತೆ. ಆ ಸಾಲಿನ ಅತಿ ಗಟ್ಟಿ ಪೆನ್ಸಿಲ್‌ನಿಂದ ಗೀಚಿದರೂ ಪದರ ಕಿತ್ತು ಬರುವುದಿಲ್ಲ ಅಂತ ಅದರ ಅರ್ಥ. ಮರಳಿನ ಕಣ ಪೆನ್ಸಿಲ್‌ಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ 9 ಎಚ್ ಇದ್ದರೂ ಗೆರೆ ಬಿದ್ದೇ ಬೀಳುತ್ತದೆ.

ಮತ್ತೆ ಯಾಕೆ ಹಾಕಿಸಬೇಕು? ಕೊಳೆ ಗಟ್ಟಿಯಾಗಿ ಅಂಟುವುದಿಲ್ಲ. ತೊಳೆಯುವಾಗ ಉಜ್ಜುವುದು ಕಡಿಮೆಯಾಗುತ್ತದೆ. ಉಜ್ಜುವುದು ಕಡಿಮೆಯಾದರೆ ಗೆರೆಯೂ ಕಡಿಮೆ. ಹಕ್ಕಿ ಹಿಕ್ಕೆ ಬಿದ್ದಾಗ ಅದು ಪೇಂಟ್ ತಿನ್ನುವ ಮೊದಲು ನಮಗೆ ಸ್ವಲ್ಪ ಸಮಯ ಸಿಗುತ್ತದೆ. ಬಣ್ಣ ಬಿಸಿಲಿಗೆ ಮಾಸೋದು ನಿಧಾನವಾಗುತ್ತದೆ. ವರ್ಷಗಟ್ಟಲೆ ಒಂದೇ ಕಾರು ಓಡಿಸುವ ಮನೆಗೆ ಇವು ದೊಡ್ಡ ಲಾಭಗಳೇ.

ನಮ್ಮ ಧೂಳಿನ ಬಗ್ಗೆಯೂ ಒಂದು ಮಾತು. ದಾವಣಗೆರೆ, ಹರಿಹರದ ಸುತ್ತ ಅಕ್ಕಿ ಗಿರಣಿಗಳಿವೆ. ಭತ್ತದ ಹೊಟ್ಟಿನ ಬೂದಿ ಹಗುರವಾಗಿ ಹಾರಿ ಬಂದು ಬಾನೆಟ್ ಮೇಲೆ ಕೂರುತ್ತದೆ. ನೋಡೋಕೆ ಮೆತ್ತಗೆ ಕಂಡರೂ ಅದರಲ್ಲಿ ಬಹುಪಾಲು ಸಿಲಿಕಾ. ಅದನ್ನು ಬೆರಳಲ್ಲಿ ಒರೆಸಿದರೂ ಸಾಕು, ಗೆರೆ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಓಡಾಡುವವರ ಕಾರಿಗೆ ಅದಿರಿನ ಕೆಂಧೂಳು. ಬಿಳಿ ಕಾರಿನ ಬಾಗಿಲ ಕೆಳಭಾಗದಲ್ಲಿ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆ ಕಂಡರೆ ಅದು ಕಬ್ಬಿಣದ ಕಣ ಕೂತು ತುಕ್ಕು ಹಿಡಿದದ್ದು. ಬ್ರೇಕ್ ಪ್ಯಾಡಿನ ಪುಡಿಯಿಂದಲೂ ಹೀಗೇ ಆಗುತ್ತದೆ. ಕೋಟಿಂಗ್ ಹಾಕುವ ಮೊದಲು ಇದೆಲ್ಲ ಹೋಗಬೇಕು. ಇಲ್ಲದಿದ್ದರೆ ಕೊಳೆಯನ್ನೇ ಒಳಗಿಟ್ಟು ಮುಚ್ಚಿದ ಹಾಗೆ.

ಭಾವಮೈದುನ ಹೊಸ ಕಾರು ಬುಕ್ ಮಾಡಿದಾಗ ಫೋನ್ ಮಾಡಿದ್ದ. "ಭಾವ, ಡೆಲಿವರಿ ದಿನವೇ ಕೋಟಿಂಗ್ ಮಾಡಿಕೊಡ್ತಾರಂತೆ. ಐದು ವರ್ಷ ಗ್ಯಾರಂಟಿ ಅಂತಾರೆ, ಹೇಳಿಬಿಡ್ಲಾ?" ನಾನಂದೆ, "ತಡಿಯಪ್ಪ. ಆ ಗ್ಯಾರಂಟಿ ಕಾಗದ ಪೂರ್ತಿ ಓದು. ಎಷ್ಟು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಸರ್ವೀಸ್ ಮಾಡಿಸಬೇಕು ಅಂತ ಬರೆದಿರ್ತಾರೆ ನೋಡು. ನೀರಿನ ಕಲೆಗೆ ಗ್ಯಾರಂಟಿ ಇದೆಯಾ ಕೇಳು." ಕೇಳಿದ. ಇರಲಿಲ್ಲ. ನಮ್ಮ ಊರಲ್ಲಿ ಕೋಟಿಂಗನ್ನು ಹಾಳು ಮಾಡೋದೇ ನೀರಿನ ಕಲೆ. ಅದನ್ನು ಹೊರಗಿಟ್ಟ ಗ್ಯಾರಂಟಿ ತಗೊಂಡು ಏನು ಮಾಡೋದು? ಕೊನೆಗೆ ಅವನು ಶೋರೂಮಿನವರಿಗೆ ಹೇಳಿದ್ದು ಒಂದೇ: "ಡೆಲಿವರಿಗೆ ಮುಂಚೆ ಕಾರು ಒರೆಸಬೇಡಿ, ಧೂಳಿದ್ದರೂ ಪರವಾಗಿಲ್ಲ." ಹೊಸ ಕಾರಿಗೆ ಮೊದಲ ಗೆರೆಗಳು ಬೀಳೋದು ಎಷ್ಟೋ ಸಲ ಅಲ್ಲೇ.

ಆಯ್ಕೆ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ. ಮನೆ ಮಂದಿ ಓಡಾಡುವ ಕಾರಿಗೆ ಒಂದರಿಂದ ಎರಡು ವರ್ಷ ಬಾಳುವ, ನಾವೇ ಹಾಕಬಹುದಾದ 30 ಎಂಎಲ್ ಬಾಟಲಿ ಸಾಕು. ಸಣ್ಣ ಕಾರಿಗೆ ಒಂದು ಬಾಟಲಿ ಆಗುತ್ತದೆ. ಹೆಚ್ಚು ವರ್ಷದ್ದು ಅಂತ ಮಾರುವ ಗಟ್ಟಿ ಕೋಟಿಂಗ್ ಬೇಗ ಒಣಗುತ್ತದೆ, ಒರೆಸೋದು ತಡವಾದರೆ ತೆಗೆಯೋಕೆ ಪಾಲಿಶ್ ಮಷೀನೇ ಬೇಕು. ವಿಡಿಯೋಗಳಲ್ಲಿ ನೀರು ಮುತ್ತಿನ ಹಾಗೆ ದುಂಡಗೆ ನಿಲ್ಲೋದನ್ನು ತೋರಿಸುತ್ತಾರಲ್ವಾ, ಅದನ್ನು ನೋಡಿ ಮರುಳಾಗಬೇಡಿ. ನಿಂತ ಹನಿ ಅಲ್ಲೇ ಒಣಗುತ್ತದೆ. ನಮ್ಮ ಬಿಸಿಲಿಗೆ, ನಮ್ಮ ನೀರಿಗೆ, ಹನಿ ನಿಲ್ಲಿಸುವುದಕ್ಕಿಂತ ನೀರನ್ನು ಹಾಳೆಯ ಹಾಗೆ ಜಾರಿಸುವ ಕೋಟಿಂಗ್ ಹೆಚ್ಚು ಒಗ್ಗುತ್ತದೆ. ಟಿಂಕರಿಂಗ್ ಆಗಿ ಹೊಸದಾಗಿ ಪೇಂಟ್ ಹೊಡೆಸಿದ ಬಾಗಿಲು, ಬಂಪರ್ ಇದ್ದರೆ ಕನಿಷ್ಠ ಒಂದು ತಿಂಗಳು ಬಿಟ್ಟು ಹಾಕಿ. ಪೇಂಟಿನೊಳಗಿನ ಥಿನ್ನರ್ ಹೊರಗೆ ಹೋಗೋಕೆ ಅಷ್ಟು ಸಮಯ ಬೇಕು.

ಹಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ತಯಾರಿಯೇ. ಚೆನ್ನಾಗಿ ತೊಳೆದ ಮೇಲೆ ಐರನ್ ರಿಮೂವರ್ ಸಿಂಪಡಿಸಿದೆ. ಕಬ್ಬಿಣದ ಕಣ ಇದ್ದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಸೋರುತ್ತದೆ. ವಾಸನೆ ಕೆಟ್ಟದಾಗಿರುತ್ತದೆ, ಬಾಗಿಲು ಕಿಟಕಿ ಹಾಕಿದ ಶೆಡ್ಡಿನಲ್ಲಿ ಮಾಡಬೇಡಿ. ಆಮೇಲೆ ಕ್ಲೇ ಬಾರ್, ಅಂದರೆ ಪೇಂಟಿಗೆ ಅಂಟಿದ ಕೊಳೆಯನ್ನು ಎಳೆದುಕೊಳ್ಳುವ ಮೆತ್ತನೆಯ ಜೇಡಿಯಂಥ ಉಂಡೆ. ಶಾಂಪೂ ನೀರು ಧಾರಾಳವಾಗಿ ಹಾಕಿಕೊಂಡು ಹಗುರವಾಗಿ ಜಾರಿಸಬೇಕು, ಒತ್ತಬಾರದು. ಕ್ಲೇ ನೆಲಕ್ಕೆ ಬಿದ್ದರೆ ಆ ತುಂಡು ಕಸದ ಬುಟ್ಟಿಗೆ. ನಂತರ ಗೆರೆ ತೆಗೆಯುವ ಪಾಲಿಶ್. ಇದನ್ನು ಬಾಡಿಗೆಗೆ ತಂದ ಡ್ಯುಯಲ್ ಆಕ್ಷನ್ ಪಾಲಿಶ್ ಮಷೀನ್‌ನಲ್ಲಿ, ಮೆತ್ತನೆಯ ಪ್ಯಾಡ್ ಹಾಕಿ ಮಾಡಿದೆ. ಪಾಲಿಶ್ ಅಂದರೆ ಕ್ಲಿಯರ್ ಕೋಟನ್ನೇ ಚೂರು ಸವೆಸೋದು. ಹೀಗಾಗಿ ಗೆರೆ ಎಲ್ಲ ಹೋಗಲೇಬೇಕು ಅಂತ ಹಟ ಹಿಡಿಯಬಾರದು. ಅಂಚುಗಳ ಮೇಲಂತೂ ಮಷೀನ್ ಇಡಲೇಬಾರದು, ಅಲ್ಲಿ ಪೇಂಟ್ ತೆಳುವಾಗಿರುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ನೀರಿಗೆ ಬೆರೆಸಿ ಒರೆಸಿದೆ. ಪಾಲಿಶ್ಶಿನ ಎಣ್ಣೆ ಅಂಶ ಉಳಿದಿದ್ದರೆ ಕೋಟಿಂಗ್ ಹಿಡಿಯೋದಿಲ್ಲ.

ಕೋಟಿಂಗ್ ಹಾಕಲು ನಾನು ಆರಿಸಿಕೊಂಡದ್ದು ನವೆಂಬರ್ ಬೆಳಗು. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಾನೆಟ್ ಮೇಲೆ ಕೈ ಇಡೋಕಾಗಲ್ಲ, ದ್ರವ ಹಚ್ಚಿದ ಕೂಡಲೇ ಒಣಗಿ ಕಲೆಯಾಗುತ್ತದೆ. ಜುಲೈಯಲ್ಲಿ ಯಾವಾಗ ಜಡಿ ಹಿಡಿಯುತ್ತದೋ ಗೊತ್ತಿಲ್ಲ. ಒಂದು ಸಲಕ್ಕೆ ಎರಡಡಿ ಅಗಲ, ಎರಡಡಿ ಉದ್ದದ ಜಾಗ ಮಾತ್ರ. ಅಪ್ಲಿಕೇಟರ್ ಬಟ್ಟೆಗೆ ಕೆಲವು ಹನಿ ಹಾಕಿ, ಅಡ್ಡ ಒಂದು ಸಲ, ಉದ್ದ ಒಂದು ಸಲ ಎಳೆಯಬೇಕು. ಸ್ವಲ್ಪ ಹೊತ್ತಿಗೆ ಮೇಲ್ಮೈಯಲ್ಲಿ ಕಾಮನಬಿಲ್ಲಿನ ಬಣ್ಣ ಏಳುತ್ತದೆ. ಒರೆಸುವ ಸಮಯ ಅದೇ. ಒಂದು ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ, ಮೊಬೈಲ್ ಟಾರ್ಚ್ ಅಡ್ಡ ಹಿಡಿದು ನೋಡಬೇಕು. ಒರೆಸದೆ ಉಳಿದ ಕೋಟಿಂಗಿನ ದಟ್ಟ ಪಟ್ಟೆ ಕಂಡರೆ ಆಗಲೇ ತೆಗೆಯಬೇಕು. ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ಹಿಡಿದರೆ ಸುಲಭವಾಗಿ ಹೋಗೋದಿಲ್ಲ. ಒರೆಸಿದ ಬಟ್ಟೆಯನ್ನು ಮತ್ತೆ ಕಾರಿಗೆ ಬಳಸಬೇಡಿ, ಅದು ಒಣಗಿ ಗಾಜಿನ ಪುಡಿಯಂತೆ ಗೀರುತ್ತದೆ. ಮುಗಿದ ಮೇಲೆ ಒಂದು ದಿನ ನೀರು ತಾಕಬಾರದು, ಒಂದು ವಾರ ಶಾಂಪೂ ಬೇಡ.

ಇನ್ನು ನೀರಿನ ವಿಷಯ. ನಮ್ಮ ಜಿಲ್ಲೆಗಳ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಗೀಸರ್ ಕಾಯಿಲ್ ಮೇಲೆ, ಬಚ್ಚಲಿನ ನಲ್ಲಿ ಮೇಲೆ ಕಟ್ಟುವ ಬಿಳಿ ಪದರ ಇದೇ. ಹನಿ ಒಣಗಿದಾಗ ನೀರು ಮಾತ್ರ ಹೋಗುತ್ತದೆ, ಲವಣ ಉಂಗುರದ ಹಾಗೆ ಅಲ್ಲೇ ಕೂರುತ್ತದೆ. ಬಿಸಿಲಿಗೆ ಕಾದರೆ ಅದು ಕೋಟಿಂಗ್‌ಗೇ ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ತೆಗೆಯೋಕೆ ಪಾಲಿಶ್ ಮಾಡಬೇಕು, ಪಾಲಿಶ್ ಮಾಡಿದರೆ ಕೋಟಿಂಗೂ ಹೋಯಿತು.

ನೀರಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ತಗೊಳ್ಳಿ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು ಅಂತಿದೆ. ನಮ್ಮ ಬೋರ್ ನೀರು ಸಾವಿರ ದಾಟಿತ್ತು. ಕುಂದುವಾಡ ಕೆರೆ, ರಾಜನಹಳ್ಳಿ ಕಡೆಯಿಂದ ಬರುವ ನಲ್ಲಿ ನೀರಿನದು ಅದಕ್ಕಿಂತ ತುಂಬಾ ಕಡಿಮೆ. ಟಿಡಿಎಸ್ ಅಂದರೆ ಗಡಸುತನ ಒಂದೇ ಅಲ್ಲ, ನೀರಲ್ಲಿ ಕರಗಿದ್ದೆಲ್ಲ ಅದರಲ್ಲಿ ಬರುತ್ತದೆ. ನಮಗೆ ಬೇಕಾದ್ದೂ ಅದೇ, ಕರಗಿದ್ದೆಲ್ಲ ಬಾನೆಟ್ ಮೇಲೆ ಉಳಿಯುತ್ತದಲ್ವಾ.

ನೀರು ಉಳಿಸಬೇಕು ಅಂತ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಹಿಡಿದು ಕಾರು ತೊಳೆಯುವವರಿದ್ದಾರೆ. ಅವರ ಕಾಳಜಿ ಒಳ್ಳೆಯದೇ. ಆದರೆ ಕಾರಿಗೆ ಇದಕ್ಕಿಂತ ಕೆಟ್ಟ ನೀರಿಲ್ಲ. ಫಿಲ್ಟರ್ ತೆಗೆದ ಲವಣವೆಲ್ಲ ಸೇರಿರೋದು ಅದರಲ್ಲೇ. ಆ ನೀರು ನೆಲ ಒರೆಸೋಕೆ ಇರಲಿ. ಕಾರಿಗೆ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ. ಅದು ಗಾಳಿಯ ತೇವ ತಣ್ಣಗಾಗಿ ಆದ ನೀರು, ಲವಣ ಇಲ್ಲವೆಂದೇ ಹೇಳಬಹುದು. ಮಳೆಗಾಲದಲ್ಲಿ ತಾರಸಿ ನೀರು. ಮೊದಲ ಮಳೆಯದ್ದು ಬಿಟ್ಟು ಆಮೇಲಿನದನ್ನು ಡ್ರಮ್ಮಿಗೆ ತುಂಬಿಸಿದರೆ ಸರಿ.

ನಾನು ತೊಳೆಯೋದು ಬಿಸಿಲೇರುವ ಮುಂಚೆ. ಮೊದಲು ಮೇಲಿನಿಂದ ನೀರು ಬಿಟ್ಟು ಧೂಳು ಇಳಿಸುತ್ತೇನೆ, ಮುಟ್ಟುವುದಿಲ್ಲ. ಎರಡು ಬಕೆಟ್: ಒಂದರಲ್ಲಿ ಪಿಎಚ್ ನ್ಯೂಟ್ರಲ್, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ, ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗವಸನ್ನು ಪ್ರತಿ ಸಲ ಬರೀ ನೀರಲ್ಲಿ ಜಾಲಿಸಿಯೇ ಶಾಂಪೂಗೆ ಅದ್ದೋದು. ಚಾವಣಿಯಿಂದ ಶುರು, ಬಾಗಿಲ ಕೆಳಭಾಗ ಕೊನೆಗೆ. ಗಾಲಿಗೆ ಬೇರೆ ಬಟ್ಟೆ. ಇಷ್ಟಕ್ಕೆಲ್ಲ ನಲ್ಲಿ ನೀರು, ಅದು ಬಾರದ ದಿನ ಬೋರ್ ನೀರೂ ನಡೆಯುತ್ತದೆ, ಒಣಗೋಕೆ ಬಿಡಬಾರದು ಅಷ್ಟೇ. ಕೊನೆಯ ಸಲ ಮಾತ್ರ ಎಸಿ ನೀರು. ತೋಟಕ್ಕೆ ಔಷಧಿ ಹೊಡೆಯುವ ಕೈಪಂಪಿನಂಥದ್ದರಲ್ಲಿ ತುಂಬಿ ಸಿಂಪಡಿಸುತ್ತೇನೆ. ಪಂಪು ಹೊಸದಾಗಿರಬೇಕು, ಹೊಲದಲ್ಲಿ ಕಳೆನಾಶಕ ಹೊಡೆದದ್ದಲ್ಲ. ಒಂದೆರಡು ಬಾಟಲಿ ನೀರಲ್ಲಿ ಇಡೀ ಕಾರು ಮುಗಿಯುತ್ತದೆ. ಆಮೇಲೆ ದಪ್ಪ ಟವೆಲ್ ಹಾಸಿ ಎಳೆದು ಒಣಗಿಸೋದು.

ಹೊರಗೆ ವಾಟರ್ ಸರ್ವೀಸಿಗೆ ಬಿಡಲೇಬೇಕಾದರೆ ಪಕ್ಕದಲ್ಲೇ ನಿಲ್ಲುತ್ತೇನೆ. "ಸರ್, ಶಾಂಪೂ ಹಾಕಿ ಬ್ರಷ್ ಹೊಡೀಲಾ?" ಅಂತ ಹುಡುಗ ಕೇಳುತ್ತಾನೆ. "ಬ್ಯಾಡಪ್ಪ, ಕೆಳಗೆ ಮಣ್ಣು ಹೋಗೋ ಹಂಗೆ ನೀರು ಹೊಡಿ, ಮೇಲೆ ಬಟ್ಟೆ ಹಾಕಬೇಡ. ಒರೆಸೋದು ನಾನು ನೋಡ್ಕೊಂತೀನಿ." ಟವೆಲ್ ಡಿಕ್ಕಿಯಲ್ಲೇ ಇರುತ್ತದೆ.

ಹೊಸ ನೀರಿನ ಕಲೆ ಕಂಡರೆ ಬಿಳಿ ವಿನೆಗರ್‌ಗೆ ಅಷ್ಟೇ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್, ಸೇರಿಸಿ ಬಟ್ಟೆ ಅದ್ದಿ ಒಂದು ನಿಮಿಷ ಹಾಸಿಡಿ. ಆಮೇಲೆ ಶಾಂಪೂ ನೀರಲ್ಲಿ ತೊಳೆಯಿರಿ. ತಣ್ಣಗಿರುವ ಪೇಂಟ್ ಮೇಲೆ, ನೆರಳಲ್ಲಿ ಮಾತ್ರ. ನಿಂಬೆಹೋಳು ಹಿಡಿದು ಉಜ್ಜೋದು ಬೇಡ.

ಆಯುಧಪೂಜೆಯಲ್ಲಿ ನಮ್ಮಮ್ಮ ಬಾನೆಟ್‌ಗೆ ವಿಭೂತಿ ಪಟ್ಟೆ, ಕುಂಕುಮ ಇಡದೆ ಬಿಡೋದಿಲ್ಲ. ಇಡಲಿ, ಅದು ಬೇಕೇ ಬೇಕು. ಅದೇ ಸಂಜೆ ಧಾರಾಳ ನೀರು ಬಿಟ್ಟು ನೆನೆಸಿ ತೆಗೆಯುತ್ತೇನೆ, ಒಣ ಬಟ್ಟೆ ಹಾಕುವುದಿಲ್ಲ. ಚೆಂಡುಹೂವಿನ ಹಾರ ಮರುದಿನದವರೆಗೆ ಪೇಂಟ್ ಮೇಲೆ ಕೊಳೆಯಬಾರದು. ಬಾಳೆಕಂದನ್ನು ಟೇಪ್ ಹಚ್ಚಿ ಅಂಟಿಸುವ ಬದಲು ಗ್ರಿಲ್ಲಿಗೆ ದಾರದಲ್ಲಿ ಕಟ್ಟುತ್ತೇವೆ. ಹೋಳಿ ಹಬ್ಬದ ದಿನ ಮಾತ್ರ ಕಾರು ಹೊರಗೆ ತೆಗೆಯೋದಿಲ್ಲ. ದಾವಣಗೆರೆ ಹೋಳಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಒಂದೆರಡು ವರ್ಷದ ಮೇಲೆ ನೀರು ಜಾರೋದು ನಿಂತರೆ ಕೋಟಿಂಗ್ ಸತ್ತಿತು ಅಂದುಕೊಳ್ಳಬೇಡಿ. ಬಹಳ ಸಲ ಮೇಲೆ ಧೂಳು, ಲವಣದ ಪೊರೆ ಕಟ್ಟಿರುತ್ತದೆ ಅಷ್ಟೇ. ಐರನ್ ರಿಮೂವರ್, ಆಮೇಲೆ ವಿನೆಗರ್ ನೀರು, ಆಮೇಲೆ ಶಾಂಪೂ. ಇಷ್ಟಾದ ಮೇಲೆ ನೋಡಿ. ನನ್ನ ಕಾರಿನ ಬಾಗಿಲುಗಳು ಹೀಗೆ ತೊಳೆದ ಕೂಡಲೇ ಮೊದಲಿನಂತಾದವು. ಚಾವಣಿ, ಬಾನೆಟ್ ಆಗಲಿಲ್ಲ. ಬಿಸಿಲು ನೇರ ಬೀಳುವ ಜಾಗ, ಮೊದಲು ಸವೆಯೋದು ಅವೇ. ಅವೆರಡಕ್ಕೆ ಮಾತ್ರ ಈ ನವೆಂಬರ್‌ನಲ್ಲಿ ಮತ್ತೆ ಹಾಕುತ್ತೇನೆ. ಅದಕ್ಕೆ ಹೊಸ ಸಣ್ಣ ಬಾಟಲಿಯೇ ಬೇಕು. ಒಮ್ಮೆ ತೆರೆದ ಬಾಟಲಿಗೆ ತೇವ ಸೇರಿ ಒಳಗೇ ಹರಳುಗಟ್ಟುತ್ತದೆ, ಎತ್ತಿಟ್ಟು ಪ್ರಯೋಜನವಿಲ್ಲ.