ಆಶ್ಲೇಷ ಮಳೆಗೆ ಬಣ್ಣ ಹಚ್ಚಿದ್ದು

ನಮ್ಮ ಮನೆ ಇರುವುದು ತೀರ್ಥಹಳ್ಳಿಯ ಸೀಮೆಯಲ್ಲಿ. ಅಂಗಳದಲ್ಲಿ ಮಳೆಮಾಪಕ, ಅಪ್ಪಯ್ಯನ ಕೈಯಲ್ಲಿ ಮಳೆ ಪುಸ್ತಕ. ಅವರ ಲೆಕ್ಕ ತಿಂಗಳಿನದಲ್ಲ, ನಕ್ಷತ್ರದ್ದು. 2019ರ ಆಶ್ಲೇಷ ಮಳೆ ಅಡಿಕೆಗೆ ಕೊಳೆ ರೋಗ ತಂದು ಹೋದ ಮೇಲೆ ಅವರು ಒಂದು ಮಾತು ಕೇಳಿದರು: "ನಮ್ಮಲ್ಲಿ ಮಾತ್ರ ಹೀಗೆ ಹೊಯ್ದಿತೋ, ಎಲ್ಲ ಕಡೆಯೂ ಹೀಗೆಯೋ? ನಿನ್ನ ಕಂಪ್ಯೂಟರಿನಲ್ಲಿ ತೋರಿಸು." ಒಂದು ಸಂಜೆಯ ಕೆಲಸ ಎಂದುಕೊಂಡೆ. ಎರಡು ವಾರ ಹಿಡಿಯಿತು.

ಭಾರತೀಯ ಹವಾಮಾನ ಇಲಾಖೆ ದೇಶದ ದಿನದಿನದ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಕೊಡುತ್ತದೆ. ರೇಖಾಂಶ 66.5ರಿಂದ 100ರವರೆಗೆ 135 ಬಿಂದುಗಳು, ಅಕ್ಷಾಂಶ 6.5ರಿಂದ 38.5ರವರೆಗೆ 129. ವರ್ಷಕ್ಕೊಂದು ಕಡತ, ಅದರಲ್ಲಿ ಬರೀ ಸಂಖ್ಯೆಗಳು. ಒಂದು ಸಂಖ್ಯೆಗೆ 4 ಬೈಟ್, 365 ದಿನಕ್ಕೆ 2,54,25,900 ಬೈಟ್. ಕಡತದ ಗಾತ್ರ ಈ ಗುಣಾಕಾರಕ್ಕೆ ಸರಿಯಾಗಿ ಹೊಂದಿದರೆ ಓದುವ ಕ್ರಮ ಅರ್ಧ ಗೊತ್ತಾದಂತೆ. ನಾನು ಬಳಸಿದ್ದು ಆಕ್ಟೇವ್, ಉಚಿತವಾಗಿ ಸಿಗುವ ಲೆಕ್ಕದ ತಂತ್ರಾಂಶ. ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಕೋಷ್ಟಕ, ಕೊಟ್ಟರೆ ಬಣ್ಣದ ಚಿತ್ರ ಮಾಡಿಕೊಡುವ 'ಇಮೇಜ್‌ಎಸ್‌ಸಿ' ಆಜ್ಞೆ ಅದರಲ್ಲಿಯೂ ಇದೆ, ಅದೇ ಬಗೆಯ ಇನ್ನೊಂದು ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನಲ್ಲಿಯೂ ಇದೆ.

ಆಶ್ಲೇಷ ಮಳೆಯ ಕಾಲವಾದ ಆಗಸ್ಟ್ 3ರಿಂದ 16ರವರೆಗಿನ ಹದಿನಾಲ್ಕು ದಿನಗಳನ್ನು ಕೂಡಿ ಚಿತ್ರ ಬರೆಸಿದೆ. ಎರಡೇ ಬಣ್ಣ ಬಂತು: ಒಂದಷ್ಟು ಕಡು ನೇರಳೆ, ಉಳಿದದ್ದೆಲ್ಲ ಹಳದಿ. ಸಾಲದ್ದಕ್ಕೆ ಕನ್ಯಾಕುಮಾರಿ ಮೇಲಿದೆ, ಕಾಶ್ಮೀರ ಕೆಳಗಿದೆ. ತಲೆಕೆಳಗಾದದ್ದು ಏಕೆಂದು ಬೇಗ ತಿಳಿಯಿತು. ಕೋಷ್ಟಕದ ಮೊದಲ ಸಾಲು ಮೇಲಿರುವುದು ಇಮೇಜ್‌ಎಸ್‌ಸಿಯ ರೂಢಿ, ನನ್ನ ಮೊದಲ ಸಾಲಾದರೋ ದಕ್ಷಿಣದ ತುದಿ. 'ಆಕ್ಸಿಸ್ ಎಕ್ಸ್‌ವೈ' ಎಂದು ಬರೆದ ಕೂಡಲೇ ದೇಶ ನೆಟ್ಟಗಾಯಿತು. ಬಣ್ಣದ ಗುಟ್ಟು ಬಿಟ್ಟುಕೊಟ್ಟದ್ದು ಪಕ್ಕದ ಬಣ್ಣಪಟ್ಟಿ, ಅಂದರೆ ಯಾವ ಬಣ್ಣಕ್ಕೆ ಎಷ್ಟು ಮಳೆ ಎಂದು ಹೇಳುವ ಪಟ್ಟಿ. ಅದರ ತಳದಲ್ಲಿ ಸೊನ್ನೆಯ ಬದಲು −13,986 ಇತ್ತು. ಮಾಹಿತಿ ಇಲ್ಲದ ಕಡೆ, ಅಂದರೆ ಸಮುದ್ರ ಮತ್ತು ನೆರೆ ದೇಶಗಳ ಚೌಕಗಳಲ್ಲಿ, ಇಲಾಖೆ −999 ಎಂದು ಗುರುತು ಹಾಕಿರುತ್ತದೆ. ನಾನು ಅದನ್ನೂ ಮಳೆಯೆಂದು ಭಾವಿಸಿ ಹದಿನಾಲ್ಕು ಸಲ ಕೂಡಿದ್ದೆ.

ಇಮೇಜ್‌ಎಸ್‌ಸಿಯ ಸ್ವಭಾವ ನನಗೆ ಮನದಟ್ಟಾದದ್ದು ಈ ಪೆಟ್ಟಿನಿಂದಲೇ. ಅದು ಕೋಷ್ಟಕದ ಅತಿ ಚಿಕ್ಕ ಸಂಖ್ಯೆಗೆ ಮೊದಲ ಬಣ್ಣ, ಅತಿ ದೊಡ್ಡದಕ್ಕೆ ಕೊನೆಯ ಬಣ್ಣ ಕೊಟ್ಟು, ನಡುವಿನದನ್ನು ಸಮನಾಗಿ ಹಂಚುತ್ತದೆ. ನನ್ನಲ್ಲಿದ್ದುದು 64 ಬಣ್ಣ. ಮೈನಸ್ ಹದಿಮೂರು ಸಾವಿರದಿಂದ ಹಂಚಲು ಹೊರಟರೆ ಒಂದೊಂದು ಬಣ್ಣಕ್ಕೆ ಇನ್ನೂರು ಮಿ.ಮೀ.ಗಿಂತ ಹೆಚ್ಚು ಮಳೆ ಹೋಗುತ್ತದೆ, ಕೊನೆಯ ಕೆಲವೇ ಹಳದಿಗಳಲ್ಲಿ ಇಡೀ ಭಾರತ ಮುಗಿಯುತ್ತದೆ. ಕೂಡುವ ಮೊದಲೇ −999 ಇದ್ದಲ್ಲೆಲ್ಲ 'ನ್ಯಾನ್' ಇಟ್ಟೆ, ಅಂದರೆ ಸಂಖ್ಯೆಯೇ ಅಲ್ಲ ಎಂಬ ಗುರುತು.

ಹುಮ್ಮಸ್ಸಿನಲ್ಲಿ 2018ರ ಚಿತ್ರವನ್ನೂ ಮಾಡಿ ಪಕ್ಕದಲ್ಲಿಟ್ಟೆ. ಎರಡೂ ಅವಳಿಜವಳಿಯಂತೆ ಕಂಡವು. ಎರಡು ವರ್ಷವೂ ಒಂದೇ ಮಳೆ ಎಂದು ಹೇಳಲು ಬಾಯಿ ತೆರೆದಿದ್ದೆ, ಪುಣ್ಯಕ್ಕೆ ಬಣ್ಣಪಟ್ಟಿಯ ಸಂಖ್ಯೆಗಳು ಬೇರೆ ಬೇರೆ ಇರುವುದು ಕಣ್ಣಿಗೆ ಬಿತ್ತು. ಒಂದೊಂದು ಚಿತ್ರವೂ ತನ್ನ ಮಳೆಯನ್ನು ತನ್ನದೇ ಕೊಳಗದಿಂದ ಅಳೆದುಕೊಂಡಿತ್ತು. ಎರಡನ್ನು ಹೋಲಿಸಬೇಕಾದರೆ ಮೊದಲ ಬಣ್ಣ ಎಷ್ಟಕ್ಕೆ, ಕೊನೆಯ ಬಣ್ಣ ಎಷ್ಟಕ್ಕೆ ಎಂಬ ಮಿತಿಯನ್ನು ನಾವೇ ಕಟ್ಟಬೇಕು. ಆಕ್ಟೇವ್‌ನಲ್ಲಿ ಅದಕ್ಕೆ 'ಸಿ-ಆಕ್ಸಿಸ್' ಇದೆ, ಮ್ಯಾಟ್‌ಲ್ಯಾಬ್‌ನಲ್ಲಿ 2022ರಿಂದ ಅದರ ಹೆಸರು 'ಸಿ-ಲಿಮ್'.

ಮಿತಿ ಕಟ್ಟುವುದೇನೋ ಸರಿ, ಎಷ್ಟಕ್ಕೆ? ಆಗುಂಬೆಯ ವಾರ್ಷಿಕ ಮಳೆ ಏಳು ಸಾವಿರ ಮಿ.ಮೀ. ಮೀರುತ್ತದೆ, ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಘಟ್ಟಕ್ಕೆ ಹೊಂದುವ ಮಿತಿ ಇಟ್ಟರೆ ಬಯಲುಸೀಮೆ ಪೂರ್ತಿ ಒಂದೇ ಬಣ್ಣ, ಬಯಲುಸೀಮೆಗೆ ಹೊಂದಿಸಿದರೆ ಘಟ್ಟದಲ್ಲಿ ಏನೂ ತಿಳಿಯದು. ಕೊನೆಗೆ ಮಳೆಗೆ ಒಂದು ಕೂಡಿ ಹತ್ತರ ಲಾಗರಿತಮ್ ತೆಗೆದೆ, ಸಂಖ್ಯೆ ಹತ್ತು ಪಟ್ಟಾದರೆ ಅದು ಒಂದು ಮಾತ್ರ ಏರುತ್ತದೆ. ಒಂದು ಕೂಡಿದ್ದು ಸೊನ್ನೆ ಮಳೆಯ ಚೌಕಗಳಿಗಾಗಿ, ಸೊನ್ನೆಗೆ ಲಾಗರಿತಮ್ ಇಲ್ಲ. ಬಣ್ಣಪಟ್ಟಿಯ ಮೇಲೆ ಮಾತ್ರ 10, 30, 100, 300, 1000 ಎಂದೇ ಬರೆಸಿದೆ. ಲಾಗರಿತಮ್ ನನ್ನ ಅನುಕೂಲಕ್ಕೆ, ಓದುವವರಿಗೆ ಮಿಲಿಮೀಟರೇ ಇರಲಿ.

ಈ ನಡುವೆ ಒಂದು ಶೋಕಿಯನ್ನೂ ಮಾಡಿದ್ದೆ. ಆಕ್ಟೇವ್ ತಾನಾಗಿ ಕೊಡುವ ಬಣ್ಣಸಾಲು 'ವಿರಿಡಿಸ್', ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ. ನನಗೆ ಅದು ಸಪ್ಪೆ ಎನಿಸಿ ಹಳೆಯ 'ಜೆಟ್' ಹಾಕಿದೆ: ನೀಲಿ, ತಿಳಿನೀಲಿ, ಹಳದಿ, ಕೆಂಪು. ಕಣ್ಣಿಗೆ ಹಬ್ಬ. ಅದನ್ನು ಪೇಟೆಯ ಅಂಗಡಿಯಲ್ಲಿ ಕಪ್ಪುಬಿಳುಪು ಪ್ರತಿ ತೆಗೆಸಿ ಊರಿಗೆ ಒಯ್ದೆ. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, "ಚಳ್ಳಕೆರೆಯೂ ಕಪ್ಪು, ನಾವೂ ಕಪ್ಪು. ಅವರಿಗೂ ಅಷ್ಟೇ ಮಳೆ ಬಂತೆ?" ಎಂದರು. ಜೆಟ್‌ನ ಎರಡು ತುದಿಗಳೂ ಗಾಢ, ಹೊಳಪೆಲ್ಲ ನಡುವಿನಲ್ಲಿ. ಹೊಳಪು ಏರಿ ಮತ್ತೆ ಇಳಿಯುವುದರಿಂದ ಬಣ್ಣ ಹೋದರೆ ಹೆಚ್ಚು ಕಡಿಮೆ ಎಂಬ ಭೇದವೂ ಹೋಗುತ್ತದೆ. ಬಣ್ಣವಿದ್ದಾಗಲೂ ಅದು ಹಳದಿ ಪಟ್ಟಿ ಬಂದಲ್ಲಿ ಇಲ್ಲದ ಗಡಿಯೊಂದನ್ನು ಎಳೆಯುತ್ತದೆ. ಶಿವಮೊಗ್ಗದ ಬಳಿ ಮಳೆ ಕತ್ತರಿಸಿದಂತೆ ನಿಂತಿದೆ ಎಂದು ನಾನು ನಂಬಿದ್ದೆ, ಸಂಖ್ಯೆ ತೆಗೆದು ನೋಡಿದರೆ ಮೆಲ್ಲಗೆ ಇಳಿಯುತ್ತಿತ್ತು. ಮ್ಯಾಟ್‌ಲ್ಯಾಬ್ 2014ರಲ್ಲಿ, ಆಕ್ಟೇವ್ ಆಮೇಲೆ ಜೆಟ್ ಅನ್ನು ಮೊದಲ ಆಯ್ಕೆಯ ಸ್ಥಾನದಿಂದ ಇಳಿಸಿದ್ದು ಸುಮ್ಮನೆ ಅಲ್ಲ. ವಿರಿಡಿಸ್‌ಗೆ ಮರಳಿದೆ.

ಉಳಿದದ್ದು ಸಮುದ್ರ. ಸೊನ್ನೆ ಮಳೆಗೂ ಅದಕ್ಕೂ ಒಂದೇ ನೇರಳೆ ಬಿದ್ದರೆ ಓದುವವರು ಮೋಸ ಹೋಗುತ್ತಾರೆ. ಮ್ಯಾಟ್‌ಲ್ಯಾಬ್‌ನಲ್ಲಿ 'ಆಲ್ಫಾಡೇಟಾ' ಎಂಬುದರಿಂದ ನ್ಯಾನ್ ಚೌಕಗಳನ್ನು ಪಾರದರ್ಶಕವಾಗಿಸಬಹುದು, ನನ್ನ ಆಕ್ಟೇವ್‌ನಲ್ಲಿ ಅದು ನಡೆಯಲಿಲ್ಲ. 64 ಬಣ್ಣಗಳ ಕೆಳಗೆ ಬೂದು ಬಣ್ಣವೊಂದನ್ನು ಸೇರಿಸಿ 65 ಮಾಡಿದೆ. ಮಿತಿಯನ್ನು ಲಾಗರಿತಮ್ ಲೆಕ್ಕದಲ್ಲಿ −0.05ರಿಂದ 3.2ಕ್ಕೆ ಇಟ್ಟರೆ ಒಂದು ಬಣ್ಣದ ಪಾಲು ಸರಿಯಾಗಿ 0.05. ನ್ಯಾನ್ ಇದ್ದಲ್ಲೆಲ್ಲ −0.05 ತುಂಬಿದೆ. ಬೂದು ಬಣ್ಣ ಸಮುದ್ರಕ್ಕೆ ಮತ್ತು ಹೊರದೇಶಕ್ಕೆ ಮಾತ್ರ ಹೋಯಿತು.

ಅಪ್ಪಯ್ಯನ ಪುಸ್ತಕದೊಂದಿಗೆ ತಾಳೆ ನೋಡುವಾಗ ಒಂದು ದಿನದ ವ್ಯತ್ಯಾಸ ಕಂಡಿತು. ಇಲಾಖೆಯ ಲೆಕ್ಕದಲ್ಲಿ ಒಂದು ತಾರೀಕಿನ ಮಳೆ ಎಂದರೆ ಆ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುವ ಇಪ್ಪತ್ತನಾಲ್ಕು ಗಂಟೆಯದು. ಅಪ್ಪಯ್ಯ ಬೆಳಿಗ್ಗೆ ಅಳೆದು ಹಿಂದಿನ ದಿನದ ಹೆಸರಿನಲ್ಲಿ ಬರೆಯುತ್ತಾರೆ. ಹಾಗಾಗಿ ಆಶ್ಲೇಷಕ್ಕೆ ನಾನು ಕೂಡಬೇಕಿದ್ದುದು ವರ್ಷದ 216ನೇ ದಿನದಿಂದ 229ನೇ ದಿನದವರೆಗೆ, 215ರಿಂದ 228 ಅಲ್ಲ.

ಹೊಸ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. 30ನೇ ಅಡ್ಡಸಾಲು, 36ನೇ ಕಂಬಸಾಲು, ಅದು ತೀರ್ಥಹಳ್ಳಿಯ ಚೌಕ. ಆಗುಂಬೆ ಅದರ ಓರೆಯಲ್ಲಿ, 29 ಮತ್ತು 35. ಅಪ್ಪಯ್ಯ ಬೆರಳಿನಿಂದ ದೊಡ್ಡದು ಮಾಡಿ ಕೇಳಿದರು, "ಈ ಚೌಕದೊಳಗೆ ಹೆಬ್ರಿಯೂ ಇದೆಯೆ?" ಇದೆ ಎಂದೆ. "ಘಟ್ಟದ ಮೇಲಿನ ಆಗುಂಬೆಗೂ ಕೆಳಗಿನ ಹೆಬ್ರಿಗೂ ಒಂದೇ ಬಣ್ಣವೆ?" ಒಂದು ಚೌಕದ ಬದಿ ಸುಮಾರು 27 ಕಿ.ಮೀ., ಅದಕ್ಕೆ ಇರುವುದು ಒಂದೇ ಸಂಖ್ಯೆ ಎಂದು ವಿವರಿಸಿದೆ. ಅವರು ಒಳಗೆ ಹೋಗಿ ಮಳೆ ಪುಸ್ತಕ ತಂದು, ಆಶ್ಲೇಷದ ಪುಟ ತೆರೆದು, ಕೆಳಗಿನ ಮೊತ್ತದ ಮೇಲೆ ಬೆರಳಿಟ್ಟು, "ಇದನ್ನೂ ಅದರ ಮೇಲೆ ಬರೆ" ಎಂದರು. ನಮ್ಮ ಚೌಕದ ನಡುವೆ ಆ ಸಂಖ್ಯೆಯನ್ನು ಬಿಳಿ ಅಕ್ಷರದಲ್ಲಿ ಬರೆಸಿದೆ. ಹಳದಿಯ ಮೇಲೆ ಬಿಳಿ ಕಾಣಿಸಲಿಲ್ಲ, ಕಪ್ಪು ಮಾಡಿದೆ.